ಲೋಜ್‌ಬಾನಿನಲ್ಲಿ ದೇವೀರಮ್ಮನ ಹೆಸರು

ನಮ್ಮ ಸೀಮೆಯಲ್ಲಿ ದುಡಿಯುವವರ ಹೆಸರನ್ನು ದುಡಿಸಿಕೊಳ್ಳುವವರು ಕಿತ್ತುಕೊಂಡಿದ್ದಾರೆ. ಇದು ನನ್ನ ನೇರ ಆರೋಪ. ಇದಕ್ಕೆ ಹೊಸ ಹೊಸ ಸಾಕ್ಷಿ ನನ್ನ ಕಣ್ಣ ಮುಂದೆ ಸಿಗುತ್ತಲೇ ಇರುತ್ತದೆ. ಮೊದಲು ನಗು ಬರುತ್ತದೆ, ಆಮೇಲೆ ಸಿಟ್ಟು.

ಕಿಬ್ಬನಹಳ್ಳಿಯ ಒಂದು ಕೊಬ್ಬರಿ ಶೆಡ್ಡಿನ ಮೂಲೆಯಲ್ಲಿ ಪ್ರತಿ ಭಾನುವಾರ ನಾನು ಬಂದವರಿಗೆಲ್ಲ ಲೋಜ್‌ಬಾನ್ ಕಲಿಸುತ್ತಿದ್ದೆ. ಅದು ಯಾವ ದೇಶದ್ದೂ ಅಲ್ಲ, ಕೆಲವರು ಕೂತು ನಿಯಮ ಹಾಕಿ ಕಟ್ಟಿದ ಭಾಷೆ. ಫೋನ್ ನೋಡಿಕೊಂಡು ನಾನೇ ಕಲಿತೆ. ಯಜಮಾನನಿಗೆ ‘ನೀವು’, ಆಳಿಗೆ ‘ನೀನು’ ಎಂಬ ಭೇದ ಅದರಲ್ಲಿಲ್ಲ. ನನಗೆ ಅಷ್ಟು ಸಾಕಾಯಿತು.

ಹೇಳುವವರಿಲ್ಲದ ಹೆಸರು

ಮೊದಲ ನಿಯಮ: ಹೆಸರು ಯಾರದೋ ಅವರ ಬಾಯಲ್ಲಿ ಬರುವ ಹಾಗೆ ಬರೆಯಬೇಕು. ಅದರ ಮುಂದೆ ‘ಲಾ’ ಇಡಬೇಕು. ಹೆಸರು ಬರುತ್ತಿದೆ ಎಂಬ ಸೂಚನೆ ಅದು. ಜಾಗ ಕೊಟ್ಟ ಶೆಡ್ಡಿನ ಯಜಮಾನರೂ ಬಂದು ಕೂತಿದ್ದರು. ಇವರ ಹೆಸರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ, ಯಾರಾದರೂ ಹೇಳಿ ಎಂದೆ. ತಕ್ಕಡಿಯವನು ನೆಲ ನೋಡಿದ. ಮೂಟೆ ಹೊರುವವನು ಎಮ್ಮೆಗೆ ನೀರು ತೋರಿಸಬೇಕು ಎಂದು ಎದ್ದೇ ಹೋದ. ಕೊನೆಗೆ ಯಜಮಾನರನ್ನೇ ಕೇಳಿದೆ.

“ನನ್ನ ಹೆಸ್ರು ನಾನ್ಯಾಕ್ರೀ ಹೇಳ್ಲಿ? ಅದಕ್ಕೆಲ್ಲ ಆಳುಗಳಿಲ್ವಾ?” ಎಂದರು.

ಬಸ್ ನಿಲ್ದಾಣದಲ್ಲಿ

ಎರಡನೆಯ ನಿಯಮ: ಹೆಸರು ವ್ಯಂಜನದಲ್ಲೇ ಮುಗಿಯಬೇಕು, ಹಿಂದೆ ಮುಂದೆ ಚೂರು ನಿಲ್ಲಿಸಿ ಹೇಳಬೇಕು. ನಮ್ಮ ಹೆಸರುಗಳೆಲ್ಲ ಸ್ವರದಲ್ಲಿ ಮುಗಿಯುವುದರಿಂದ ಕೊನೆಗೊಂದು ‘ಸ್’ ಅಂಟಿಸುತ್ತೇವೆ. ಒಂದೇ ವ್ಯಂಜನ ಜೋಡಿಯಾಗಿ ಬರುವಂತಿಲ್ಲ. ಹಾಗಾಗಿ ಸಿದ್ದಪ್ಪ ‘ಸಿದಪಸ್’ ಆಗುತ್ತಾನೆ.

ಮಾಯಸಂದ್ರದಿಂದ ಬರುತ್ತಿದ್ದ ಹೆಂಗಸೊಬ್ಬರು ಮೊಮ್ಮಕ್ಕಳಾದರೂ ಗಂಡನ ಹೆಸರು ಹೇಳಿದವರಲ್ಲ. ಹೇಳಿದರೆ ಅವರ ಆಯಸ್ಸು ಕಡಿಮೆಯಾಗುತ್ತದಂತೆ. ಕೊನೆಗೆ ‘ಸ್’ ಬಾಲ ಇರುವುದರಿಂದ ಇದು ಪೂರ್ತಿ ಅವರ ಹೆಸರಲ್ಲ ಬುಡಿ ಎಂದು ತಾವೇ ತೀರ್ಮಾನ ಮಾಡಿಕೊಂಡು, ಸಂಜೆ ಬಸ್ ನಿಲ್ದಾಣದಲ್ಲಿ ಗಂಡನನ್ನು ಕಂಡು, ಜೀವನದಲ್ಲಿ ಮೊದಲ ಸಲ, ಗಟ್ಟಿಯಾಗಿ ಕೂಗಿದರು: ಲಾ ಸಿದಪಸ್. ನಿಲ್ದಾಣವೆಲ್ಲ ತಿರುಗಿ ನೋಡಿತು. ಗಂಡ ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದ. ಸೋತು “ರೀ” ಎಂದಾಗ ತಿರುಗಿ, ಅಷ್ಟೊತ್ತಿಂದ ಯಾರನ್ನೇ ಕೂಗ್ತಿದ್ದೆ ಎಂದ.

“ಯಾರೋ ಒಬ್ರನ್ನ. ಸಿಗ್ಲಿಲ್ಲ.”

ಲಾರಿ ಬಂದ ದಿನ

ಅದೇ ಶೆಡ್ಡಿನಲ್ಲಿ ಚಿಪ್ಪು ಒಡೆದು ಕೊಬ್ಬರಿ ಬಿಡಿಸುವ ಹೆಂಗಸೊಬ್ಬಳಿದ್ದಳು. ಮಚ್ಚು ತಾಗಿ ಅವಳ ಬೆರಳ ತುದಿ ಹೋಗಿತ್ತು. ಅಂದಿನಿಂದ ಎಲ್ಲರಿಗೂ ಅವಳು ‘ಮೋಟುಬೆರಳಿ’. ಬೆರಳು ಹೋದದ್ದು ಯಜಮಾನರ ಕೊಬ್ಬರಿಗೆ, ಹೆಸರು ಅಂಟಿದ್ದು ಅವಳಿಗೆ.

ಅವಳೂ ತರಗತಿಗೆ ಬರುತ್ತಿದ್ದಳು. ಒಂದು ಭಾನುವಾರ, ಮಾಮೂಲಿ ಪದದ ಮುಂದೆ ‘ಲಾ’ ಇಟ್ಟರೂ ಹೆಸರಾಗುತ್ತದೆ ಎಂದು ನಾನು ಹೇಳಿದ್ದೇ ತಡ, ಹಾಗಾದರೆ ಇವಳಿಗೆ ಮೋಟುಬೆರಳು ಅನ್ನೋದಕ್ಕೆ ಆ ಭಾಷೆಯ ಪದ ಹಾಕಿ ಎಂದರು ಯಜಮಾನರು. ಎಲ್ಲ ನಕ್ಕರು. ಅವಳು ನಗಲಿಲ್ಲ.

“ಅವರವರ ಬಾಯಲ್ಲಿ ಬಂದಂಗೆ ಅಂದ್ರಲ್ಲ ಮೇಷ್ಟ್ರೇ. ನನ್ನ ಹೆಸ್ರು ದೇವೀರಮ್ಮ.”

ಬೋರ್ಡಿನ ಮೇಲೆ ‘ಲಾ ದೇವಿರಮಸ್’ ಎಂದು ಬರೆದೆ. ಅವಳು, ನನಗೆ ಬಾಲ ಬೇಡ, ನಾಳೆಯಿಂದ ಶೆಡ್ಡಿನಲ್ಲಿ ಬರೀ ದೇವೀರಮ್ಮ ಅಂದರೆ ಸಾಕು ಎಂದಳು. ಯಜಮಾನರು, ನಾನು ಕರೆದ ಹೆಸರಿಗೆ ಬರದಿದ್ದರೆ ಕೆಲಸಕ್ಕೇ ಬರಬೇಡ ಎಂದರು.

ಮಾರನೆಯ ದಿನ ಲೋಡಿಗೆ ಲಾರಿ ಬಂದು ನಿಂತಿತ್ತು. ಮೋಟುಬೆರಳೀ ಎಂದು ಯಜಮಾನರು ಕೂಗಿದರು. ಎದುರಿಗೇ ಕೂತು ಚಿಪ್ಪು ಒಡೆಯುತ್ತಿದ್ದ ದೇವೀರಮ್ಮ ತಲೆ ಎತ್ತಲಿಲ್ಲ. ಮತ್ತೆ ಕೂಗಿದರು. ಹೊಸಬನಾದ ಲಾರಿ ಡ್ರೈವರು ಪಾಪ ಅನ್ನಿಸಿ ಶೆಡ್ಡಿನ ಹಿಂದೆಲ್ಲ ಹುಡುಕಿ ಬಂದು, ಆ ಯಮ್ಮ ಇವತ್ತು ಬಂದಿಲ್ಲ ಅನ್ಸುತ್ತೆ ಯಜಮಾನ್ರೇ ಎಂದ.

“ಬಂದಿಲ್ಲ ಕಣಣ್ಣ,” ಎಂದಳು ದೇವೀರಮ್ಮ, ಮಚ್ಚು ನಿಲ್ಲಿಸದೆ. “ಇನ್ಮೇಲೂ ಬರಾಕಿಲ್ಲ.”

ಅವಳ ಕೆಲಸ ಅವತ್ತೇ ಹೋಯಿತು, ನನ್ನ ತರಗತಿಯ ಜಾಗವೂ ಹೋಯಿತು. ಅವಳು ಈಗ ಬಸ್ಸು ಹತ್ತಿ ಕಂದಿಕೆರೆ ಕಡೆಯ ಶೆಡ್ಡಿಗೆ ಹೋಗುತ್ತಾಳೆ. ಅಲ್ಲಿ ಮೊದಲ ದಿನ ಹೆಸರು ಕೇಳಿದಾಗ, ಆ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ‘ದೇವೀರಮ್ಮ’ ಎಂದು ಹೇಳಿದಳಂತೆ.

ನಕ್ಕಿದ್ದಾಯಿತಲ್ಲ, ಈಗ ಏಳಿ. ನಿಮ್ಮ ತೋಟದಲ್ಲಿ, ಶೆಡ್ಡಿನಲ್ಲಿ, ಹಿತ್ತಲಲ್ಲಿ ದುಡಿಯುವವರನ್ನು ಅವರ ಹೆಸರು ಕೇಳಿ. ನಾಳೆ ಬೆಳಿಗ್ಗೆ ನಾಲ್ಕು ಜನರ ಮುಂದೆ ಆ ಹೆಸರಿನಿಂದಲೇ ಕರೆಯಿರಿ.