ಅಕ್ಕನಿಗೆ ಹೇಳಬೇಡ

ಬಾಯಿಬಿಟ್ಟು ಸುಳ್ಳು ಹೇಳುವ ಶಕ್ತಿಯನ್ನು ದೇವರು ನನಗೆ ಕೊಟ್ಟಿಲ್ಲ. ಮದುವೆಮನೆಯಲ್ಲಿ ಯಾರಾದರೂ "ಊಟ ಹೇಗಿತ್ತು?" ಎಂದು ಕೇಳಿದರೆ, ಸಾರಿಗೆ ಉಪ್ಪು ಜಾಸ್ತಿಯಾಗಿದ್ದರೆ, "ಚೆನ್ನಾಗಿತ್ತು" ಎನ್ನುವಷ್ಟರಲ್ಲಿ ನನ್ನ ಎರಡು ಕಿವಿಗಳೂ ಕೆಂಪಗಾಗಿ ಗುಟ್ಟು ರಟ್ಟಾಗುತ್ತದೆ. ಆದರೆ ಬರೆಯುವ ಸುಳ್ಳಿನ ಮಾತೇ ಬೇರೆ. ಓದುವವರಿಗೆ ನನ್ನ ಕಿವಿ ಕಾಣಿಸುವುದಿಲ್ಲ. ಅದೂ ಅಲ್ಲದೆ, ಹದಿನೆಂಟು ವರ್ಷ ಸರ್ಕಾರಿ ಕಚೇರಿಯಲ್ಲಿ ಕುಳಿತು, ಎಲ್ಲಿದೆಯೆಂದೇ ಗೊತ್ತಿಲ್ಲದ ಅರ್ಜಿಗಳ ಬಗ್ಗೆ "ತಮ್ಮ ಪತ್ರವು ಪರಿಶೀಲನೆಯಲ್ಲಿದೆ" ಎಂದು ಬರೆದು ಪಳಗಿದ ಕೈ ನನ್ನದು. ಹೀಗಾಗಿ ನನ್ನ ಜೀವಮಾನದ ಒಂದೇ ಒಂದು ದೊಡ್ಡ ಸುಳ್ಳನ್ನು ನಾನು ಬರವಣಿಗೆಯಲ್ಲಿಯೇ ಹೇಳಿದೆ. ಅದನ್ನು ಮೂರು ಪ್ರತಿಗಳಲ್ಲಿ ಹೇಳಿದ್ದು ನನ್ನ ವೃತ್ತಿದೋಷ.

ಮೂರು ಪ್ರತಿ ಏಕೆಂದರೆ ನನ್ನ ಒಡಹುಟ್ಟಿದವರು ಮೂವರು, ಮೂವರೂ ಮೂರು ದೇಶಗಳಲ್ಲಿದ್ದರು. ಅಕ್ಕ ಸರೋಜ ಝಾಂಬಿಯಾದ ಲುಸಾಕಾದಲ್ಲಿ. ಭಾವ ಅಲ್ಲಿ ಶಾಲೆಯ ಮೇಷ್ಟ್ರು. ತಮ್ಮ ನಾಗರಾಜ ಕುವೈತಿನಲ್ಲಿ. ತಂಗಿ ವಿಮಲ, ಡಾಕ್ಟರ ಹೆಂಡತಿಯಾಗಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ. ಎರಡನೆಯವನಾದ ನಾನು ಅಮ್ಮನನ್ನೂ ಹೆಂಡತಿ ಶಾಂತಳನ್ನೂ ಇಟ್ಟುಕೊಂಡು ರಾಜಾಜಿನಗರದಲ್ಲಿದ್ದೆ. ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ದಾಟಿದರೆ ನನ್ನ ಮಟ್ಟಿಗೆ ಅದೇ ಪರದೇಶ.

ಆಗ ಟೆಲಿಫೋನು ಮಾಡುವುದೆಂದರೆ ಯಾರೋ ಸತ್ತಿದ್ದಾರೆ ಎಂದೇ ಅರ್ಥ. ಬದುಕಿದವರ ಸಮಾಚಾರವೆಲ್ಲ ಏರೋಗ್ರಾಮ್ ಎನ್ನುವ ತೆಳ್ಳನೆಯ ನೀಲಿ ಕಾಗದದಲ್ಲಿ ಮಡಿಚಿಕೊಂಡು ಬರುತ್ತಿತ್ತು. ಅವರು ಮೂವರೂ ಬರೆಯುತ್ತಿದ್ದುದು ನನಗೆ. ಒಬ್ಬರ ಸುದ್ದಿಯನ್ನು ಇನ್ನಿಬ್ಬರಿಗೆ ತಲುಪಿಸುವ ಹೊಣೆಯೂ ನನ್ನದು. ಮೊದಮೊದಲು ಒಬ್ಬೊಬ್ಬರಿಗೂ ಬೇರೆಬೇರೆ ಬರೆದೆ. ಒಂದೇ ವಿಷಯವನ್ನು ಮೂರು ಸಲ ಬರೆಯುವುದು ಯಾವ ಗುಮಾಸ್ತನಿಗೂ ಶೋಭೆ ತರುವ ಕೆಲಸವಲ್ಲ ಎಂದು ಆಮೇಲೆ ಹೊಳೆಯಿತು. ಮೂರು ಏರೋಗ್ರಾಮ್‌ಗಳನ್ನು ಬಿಡಿಸಿ ಒಂದರ ಮೇಲೊಂದಿಟ್ಟು, ನಡುವೆ ಎರಡು ಕಾರ್ಬನ್ ಸೇರಿಸಿ, ಬಾಲ್‌ಪೆನ್ನನ್ನು ಒತ್ತಿ ಒತ್ತಿ ಬರೆಯುವ ಪದ್ಧತಿಯನ್ನು ಜಾರಿಗೆ ತಂದೆ. 'ಲುಸಾಕಾ', 'ಕುವೈತ್', 'ಬರ್ಮಿಂಗ್‌ಹ್ಯಾಮ್', 'ರಾಜಾಜಿನಗರ' ಎಂದು ನಾಲ್ಕು ತಲೆಬರಹ. ಬರೆದಾದ ಮೇಲೆ ಕಾರ್ಬನ್ ತೆಗೆದು, ಕೆಳಗೆ ಉಳಿದ ಜಾಗದಲ್ಲಿ ಒಬ್ಬೊಬ್ಬರಿಗೂ ಅವರವರಿಗಷ್ಟೇ ಸಲ್ಲುವ ಎರಡು ಗುಟ್ಟಿನ ಸಾಲು. ಮೇಲೆ ಸಂಬೋಧನೆ, ಹೊರಗೆ ಇಂಗ್ಲಿಷ್ ವಿಳಾಸ, ಆಮೇಲೆ ಮಡಿಚಿ ಅಂಟಿಸುವುದು, ಇಷ್ಟು ಶಾಂತಳ ಖಾತೆ. ಅವಳ ಅಕ್ಷರ ದುಂಡಗಿತ್ತು.

ಹಿರಿತನದ ಪ್ರಕಾರ ಮೂಲಪ್ರತಿ ಅಕ್ಕನಿಗೆ, ಎರಡನೆಯದು ನಾಗನಿಗೆ, ಮೂರನೆಯದು ವಿಮಲಳಿಗೆ ಹೋಗುತ್ತಿತ್ತು. ಆಫೀಸಿನಲ್ಲಿ ಬಿಸಾಡಲು ಇಟ್ಟ ಕಾರ್ಬನ್ ಆದ್ದರಿಂದ ಮೂರನೆಯ ಪ್ರತಿ ಸ್ವಲ್ಪ ಮಸುಕು. "ಅಣ್ಣಾ, ನಿನ್ನ ಕಾಗದ ಓದೋಕೆ ನಮ್ಮನೆಯವರು ಎಕ್ಸ್‌ರೇ ನೋಡೋ ದೀಪ ತರಬೇಕಾಯ್ತು. ಕೊನೇಲಿ ಹುಟ್ಟಿದ್ದು ನನ್ನ ತಪ್ಪಾ?" ಎಂದು ವಿಮಲ ಬರೆದಳು. ಅಂದಿನಿಂದ ಮೂಲಪ್ರತಿ ಸರದಿಯ ಮೇಲೆ ಹೋಗತೊಡಗಿತು. ಹೊಸ ಕಾರ್ಬನ್ನನ್ನೂ ಸ್ವಂತ ಖರ್ಚಿನಲ್ಲಿ ತಂದೆ.

ಈ ವ್ಯವಸ್ಥೆಯಲ್ಲಿ ಎರಡು ಸಣ್ಣ ಕೊರತೆಗಳಿದ್ದವು. ಆರು ಏರೋಗ್ರಾಮ್ ತಂದಿಟ್ಟು ಮೂರನ್ನಷ್ಟೇ ಬಳಸಿದರೂ ತಿಂಗಳ ಕೊನೆಗೆ ಒಂದೂ ಉಳಿಯುತ್ತಿರಲಿಲ್ಲ. ಶಾಂತ ತವರಿಗೆ ಬರೆಯಲು ಬಳಸುತ್ತಾಳೆ ಎಂದುಕೊಂಡಿದ್ದೆ. ಅವಳ ತವರು ಮಂಡ್ಯ. ಮಂಡ್ಯಕ್ಕೆ ಏರೋಗ್ರಾಮ್ ಬೇಕಿಲ್ಲ ಎಂದು ನನಗೆ ಹೊಳೆಯಲಿಲ್ಲ. ಇನ್ನೊಂದು, ಓದಿ ಮುಗಿದ ಕಾಗದಗಳನ್ನು ಅಮ್ಮ ಬಿಸ್ಕತ್ತಿನ ಡಬ್ಬಿಯಲ್ಲಿಡುತ್ತಿದ್ದಳು. ಯಾವಾಗ ತೆಗೆದು ನೋಡಿದರೂ ಹಿಂಬದಿಯಲ್ಲಿ ಕಳಿಸಿದವರ ವಿಳಾಸವಿರುವ ಜಾಗದಲ್ಲಿ ಚೌಕಾಕಾರದ ತೂತು. ಪಕ್ಕದ ಮನೆಯ ಮಕ್ಕಳು ಸ್ಟಾಂಪು ಕೂಡಿಸುತ್ತಿದ್ದರಲ್ಲ, ಅವರ ಮೇಲೆ ನನ್ನ ಅನುಮಾನ. ಸ್ಟಾಂಪು ಇರುವುದು ಮುಂಬದಿಯಲ್ಲಿ ಎನ್ನುವುದೂ ಹೊಳೆಯಲಿಲ್ಲ. ಹದಿನೆಂಟು ವರ್ಷ ನೌಕರಿ ಮಾಡಿದವನ ಬುದ್ಧಿ ಎಷ್ಟು ಚುರುಕಾಗಿರುತ್ತದೆ ಎಂದು ಓದುಗರೇ ಊಹಿಸಬಹುದು.

ಇನ್ನು ಸುಳ್ಳಿನ ವಿಚಾರ. ನಾಲ್ಕು ತಲೆಬರಹಗಳಲ್ಲಿ ಮೂರು ತುಂಬಿ ತುಳುಕುತ್ತಿದ್ದವು. ಲುಸಾಕಾ: ಭಾವ ಹೆಡ್‌ಮಾಸ್ಟರಾದರು. ಕುವೈತ್: ನಾಗನನ್ನು ಫೋರ್‌ಮನ್ ಮಾಡಿದ್ದಾರೆ. ಬರ್ಮಿಂಗ್‌ಹ್ಯಾಮ್: ವಿಮಲ ಕಾರು ಕಲಿತಳು. ಇದಾದ ಮೇಲೆ ರಾಜಾಜಿನಗರ: ಸೀಮೆಎಣ್ಣೆ ಸಿಕ್ಕಿತು. ಎದುರುಮನೆಯವರ ಸೀಬೆಮರ ಕಡಿದರು. ಅಮ್ಮನ ಮಂಡಿನೋವು ಹಾಗೇ ಇದೆ. ಬೇರೆಯವರ ಏಳಿಗೆಯನ್ನು ನನ್ನ ಕೈಯಿಂದಲೇ ಒತ್ತಿ ಒತ್ತಿ ಬರೆದು, ನನ್ನ ಸರದಿ ಬಂದಾಗ ಸೀಬೆಮರಕ್ಕೆ ಇಳಿಯುವುದು ಎಷ್ಟು ಕಷ್ಟ ಎಂದು ಬರೆದವನಿಗೇ ಗೊತ್ತು. ನನಗೆ ಹೊಟ್ಟೆಕಿಚ್ಚಿರಲಿಲ್ಲ ಎಂದರೆ ಅದು ಎರಡನೆಯ ಸುಳ್ಳಾಗುತ್ತದೆ.

ಅಷ್ಟರಲ್ಲಿ ನಮ್ಮ ಆಫೀಸಿನಲ್ಲಿ ಸೂಪರಿಂಟೆಂಡೆಂಟ್ ಹುದ್ದೆಯ ಬಡ್ತಿ ಪಟ್ಟಿ ಬಂತು. ನನ್ನ ಹೆಸರಿತ್ತು. ಮೈಸೂರುಪಾಕು ಕಟ್ಟಿಸಿಕೊಂಡು ಮನೆಗೆ ಬಂದವನೇ, ಆಜ್ಞೆ ಕೈಗೆ ಬರುವ ಮೊದಲೇ, ಮೂರು ಏರೋಗ್ರಾಮ್ ಹಾಸಿ ಕುಳಿತೆ. 'ರಾಜಾಜಿನಗರ: ನನಗೆ ಸೂಪರಿಂಟೆಂಡೆಂಟ್ ಆಗಿ ಬಡ್ತಿಯಾಗಿದೆ.' ಕಾಗದ ವಿಮಾನ ಹತ್ತಿದ ಮೂರನೆಯ ದಿನ, ಪಟ್ಟಿಯಲ್ಲಿ ಹೆಸರಿಲ್ಲದ ಯಾರೋ ಪುಣ್ಯಾತ್ಮರು ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದರು. ನಾನು ಎದ್ದ ಕುರ್ಚಿಯಲ್ಲೇ ಮತ್ತೆ ಕುಳಿತೆ. ಸಂಬಳ ನೋಡುವ ಶಾಂತಳಿಗೆ ವಿಷಯ ತಿಳಿಯಿತು. ಅಮ್ಮನಿಗೆ ಹೇಳಲಿಲ್ಲ, ಮೈಸೂರುಪಾಕನ್ನು ಆಗಲೇ ಬೀದಿಗೆಲ್ಲ ಹಂಚಿಬಿಟ್ಟಿದ್ದಳು. ವಿದೇಶಕ್ಕೆ ತಿದ್ದುಪಡಿ ಕಳಿಸೋಣವೆಂದರೆ ಅಕ್ಕನ ಕಾಗದ ಬಂದೇ ಬಂತು. ವಿಳಾಸದಲ್ಲಿ ನನ್ನ ಹೆಸರಿನ ಮುಂದೆ 'ಸೂಪರಿಂಟೆಂಡೆಂಟ್' ಎಂದು ದಪ್ಪಕ್ಷರದಲ್ಲಿ ಬರೆದಿದ್ದಳು. ನಮ್ಮ ಪೋಸ್ಟ್‌ಮ್ಯಾನ್ ರಂಗಪ್ಪನ ಗಂಟಲು ದೊಡ್ಡದು. "ಸೂಪರಿಂಟೆಂಡೆಂಟ್ ಸಾರ್, ಫಾರಿನ್ ಲೆಟರ್!" ಎಂದು ಬೀದಿಯ ಆ ತುದಿಯಿಂದಲೇ ಕೂಗಿಕೊಂಡು ಬರುತ್ತಿದ್ದ. ನಾಗ, ವಿಮಲ ಕೂಡ ಅದೇ ರೀತಿ ಬರೆಯತೊಡಗಿದರು. ಹೀಗೆ ಕೋರ್ಟು ತಡೆದ ಬಡ್ತಿಯನ್ನು ಅಂಚೆ ಇಲಾಖೆ ಎರಡು ವರ್ಷ ಚಾಲ್ತಿಯಲ್ಲಿಟ್ಟಿತು.

ಎರಡು ವರ್ಷದ ನಂತರ ನಾಗನ ಕಾಗದ ಬಂತು. "ಡಿಸೆಂಬರ್‌ನಲ್ಲಿ ರಜಕ್ಕೆ ಬರ್ತಾ ಇದೀನಿ ಅಣ್ಣಾ. ಒಂದಿನ ಆಫೀಸಿಗೆ ಬಂದು ನಿನ್ನ ರೂಮು ನೋಡ್ಬೇಕು." ನನಗೆ ರೂಮಿರಲಿಲ್ಲ. ಕಿಟಕಿಯ ಪಕ್ಕ ಒಂದು ಮೇಜಿತ್ತು, ಅದರ ಅರ್ಧ ಟೈಪಿಸ್ಟನದು. ನಾಗನಿಗಾದರೂ ನಿಜ ಹೇಳದೆ ಗತಿಯಿರಲಿಲ್ಲ.

ಅದೊಂದು ಎರಡನೆಯ ಶನಿವಾರ, ರಜ. ಮೂಲಪ್ರತಿ ನಾಗನ ಸರದಿ. ಹೊಸ ಕಾರ್ಬನ್ ಹಾಕಿ ನಾಲ್ಕು ತಲೆಬರಹವನ್ನೂ ಮುಗಿಸಿದೆ. ಇನ್ನೇನು ಕಾರ್ಬನ್ ತೆಗೆಯಬೇಕು, ಅಷ್ಟರಲ್ಲಿ ಒಳಗಿನಿಂದ ಶಾಂತ, "ರೀ, ನೀರು ಬಂತು, ಬೇಗ ಬನ್ನಿ!" ಎಂದಳು. ರಾಜಾಜಿನಗರದಲ್ಲಿ ನಲ್ಲಿ ನೀರು ಬಂತೆಂದರೆ ಪೂಜೆಗೆ ಕುಳಿತವನೂ ಎದ್ದು ಓಡಬೇಕು. ಎರಡು ಡ್ರಮ್ಮು, ನಾಲ್ಕು ಕೊಡ, ಒಂದು ಹಂಡೆ ತುಂಬಿಸಿ, ಒದ್ದೆ ಪಂಚೆಯಲ್ಲೇ ಬಂದು ಕುಳಿತು, ಧೈರ್ಯ ಸೋರಿಹೋಗುವ ಮೊದಲು ಒಂದೇ ಉಸಿರಿನಲ್ಲಿ ಬರೆದೆ: 'ನಾನು ಸೂಪರಿಂಟೆಂಡೆಂಟ್ ಆಗಿಲ್ಲ ಕಣೋ. ಕೋರ್ಟಿನಲ್ಲಿದೆ. ಆಫೀಸಿಗೆ ಬರಬೇಡ. ಅಕ್ಕನಿಗೆ ಹೇಳಬೇಡ, ವಿಮಲಳಿಗೂ ಬೇಡ. ಅಮ್ಮನಿಗಂತೂ ಬೇಡವೇ ಬೇಡ.' ಬರೆದವನೇ ಎಲ್ಲವನ್ನೂ ಶಾಂತಳ ಕೈಗೆ ಕೊಟ್ಟು ಸ್ನಾನಕ್ಕೆ ಹೋದೆ.

ಸಂಜೆ ಕಾರ್ಬನ್ನುಗಳನ್ನು ಎತ್ತಿಡುವಾಗ, ಹೊಸದಾಗಿತ್ತಲ್ಲ, ಎಷ್ಟು ಸವೆದಿದೆ ನೋಡೋಣವೆಂದು ಕಿಟಕಿಯ ಬೆಳಕಿಗೆ ಹಿಡಿದೆ. ಬರೆದದ್ದೆಲ್ಲ ಗೆರೆಗೆರೆಯಾಗಿ ಕಾಣಿಸಿತು. ಲುಸಾಕಾ ಇತ್ತು, ಕುವೈತ್ ಇತ್ತು, ಬರ್ಮಿಂಗ್‌ಹ್ಯಾಮ್ ಇತ್ತು, ರಾಜಾಜಿನಗರ ಇತ್ತು. ಅದರ ಕೆಳಗೆ, ಇರಲೇಬಾರದ ಜಾಗದಲ್ಲಿ, 'ಅಕ್ಕನಿಗೆ ಹೇಳಬೇಡ' ಎನ್ನುವುದೂ ಇತ್ತು. ಎರಡನೆಯ ಕಾರ್ಬನ್ನನ್ನು ನೋಡಿದೆ. ಅದರಲ್ಲೂ ಇತ್ತು, ಅಷ್ಟೇ ಸ್ಪಷ್ಟವಾಗಿ.

"ಶಾಂತಾ, ಕಾಗದ ಎಲ್ಲೇ?"

"ಮಧ್ಯಾಹ್ನವೇ ಡಬ್ಬಕ್ಕೆ ಹಾಕಿ ಬಂದೆ. ಯಾಕೆ?"

"ಕೊನೇ ಸಾಲು ಮೂರರಲ್ಲೂ ಬಿದ್ದಿದೆ ಕಣೇ!"

"ನೋಡ್ದೆ. ಅಂತೂ ಎಲ್ರಿಗೂ ಹೇಳ್ಬಿಡೋಣ ಅಂತ ಮನಸ್ಸು ಮಾಡಿದ್ರಲ್ಲ ಅಂದ್ಕೊಂಡೆ."

"ಅಕ್ಕನಿಗೆ ಹೇಳಬೇಡ ಅಂತ ಅಕ್ಕನಿಗೇ ಬರೀತೀನೇನೇ?"

"ನಿಮ್ಮ ಆಫೀಸಿನ ಭಾಷೆ ನನಗೇನು ಗೊತ್ತು?" ಎಂದು ಅವಳು ಒಗ್ಗರಣೆಗೆ ಸಾಸಿವೆ ಹಾಕಿದಳು.

ಸೈಕಲ್ ತುಳಿದುಕೊಂಡು ಹೋದೆ. ಅಂಚೆಡಬ್ಬ ಖಾಲಿಯಾಗಿ ಒಂದು ಗಂಟೆ ಕಳೆದಿತ್ತು. ಆ ಕೆಂಪು ಡಬ್ಬದ ಬಾಯೊಳಗೆ ಕೈ ಹಾಕಿ ತಡಕಾಡುತ್ತಿದ್ದ ನನ್ನನ್ನು ನೋಡಿ, ಪಕ್ಕದ ಅಂಗಡಿಗೆ ಬಂದಿದ್ದ ಎದುರುಮನೆಯವರು, "ಏನು ಸೂಪರಿಂಟೆಂಡೆಂಟ್ ಸಾರ್, ಏನು ಹುಡುಕ್ತಾ ಇದೀರಿ?" ಎಂದರು. ನನ್ನ ಮಾನ, ಎಂದು ಹೇಳಬಹುದಿತ್ತು. "ಉಂಗುರ" ಎಂದೆ. ಕಿವಿ ಕೆಂಪಗಾಯಿತು.

ಮುಂದಿನ ಮೂರು ವಾರ ನಾನು ಪಟ್ಟ ಪಾಡು ಶತ್ರುವಿಗೂ ಬೇಡ. ರಂಗಪ್ಪನ ಸೈಕಲ್ ಗಂಟೆ ಕೇಳಿದರೆ ಅಮ್ಮನಿಗಿಂತ ಮೊದಲು ಬಾಗಿಲಿಗೆ ಓಡುತ್ತಿದ್ದೆ. ಅಕ್ಕ ಏನೆಂದು ಬೈದಾಳು, ಭಾವ ಹೇಗೆ ನಕ್ಕಾರು, ಎಲ್ಲಕ್ಕಿಂತ ಹೆಚ್ಚಾಗಿ, ಇವರಲ್ಲಿ ಯಾರಾದರೂ ಅಮ್ಮನಿಗೆಂದು ಒಂದು ಸಾಲು ಬರೆದರೆ, ಬೀದಿಗೆಲ್ಲ ಸಿಹಿ ಹಂಚಿದವಳು ಮುಖ ಎಲ್ಲಿಟ್ಟುಕೊಂಡಾಳು? ನಾಚಿಕೆಗಿಂತ ಹೆಚ್ಚಾಗಿ ನನಗೆ ಭಯವಾಗಿತ್ತು.

ನಾಲ್ಕನೆಯ ವಾರದಲ್ಲಿ ಒಂದೊಂದಾಗಿ ಮೂರು ಕಾಗದಗಳೂ ಬಂದವು. ಲುಸಾಕಾದಲ್ಲಿ ಮಳೆ ಶುರುವಾಗಿತ್ತು. ಬರ್ಮಿಂಗ್‌ಹ್ಯಾಮಿನಲ್ಲಿ ಮಂಜು. ಕುವೈತಿನಲ್ಲಿ ಟಿಕೆಟ್ ಆಗಿತ್ತು. ನನ್ನ ಕೊನೆಯ ಸಾಲಿನ ಬಗ್ಗೆ ಯಾರೂ ಒಂದಕ್ಷರ ಬರೆದಿರಲಿಲ್ಲ. ವಿಳಾಸ ತಿರುಗಿಸಿ ನೋಡಿದೆ. ಮೂರರಲ್ಲೂ ನನ್ನ ಹೆಸರಿನ ಮುಂದೆ 'ಸೂಪರಿಂಟೆಂಡೆಂಟ್' ಎಂದು ಎಂದಿನಂತೆ ಇತ್ತು. ಅಕ್ಕ ಅದರ ಕೆಳಗೆ ಒಂದು ಗೆರೆಯನ್ನೂ ಎಳೆದಿದ್ದಳು. ನನಗೆ ಏನೂ ಅರ್ಥವಾಗಲಿಲ್ಲ.

ಅರ್ಥವಾದದ್ದು ಡಿಸೆಂಬರಿನಲ್ಲಿ. ನಾಗ ಬಂದು ಒಂದು ವಾರವಾದರೂ ಆಫೀಸಿನ ಸುದ್ದಿಯೆತ್ತಲಿಲ್ಲ. ಅಮ್ಮ ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ ನಾನೇ ಕೇಳಿದೆ.

"ಲೋ, ನನ್ನ ಕಾಗದದ ಕೊನೇ ಸಾಲು ಓದ್ದೆಯೇನೋ?"

"ಓದ್ದೆ. ಅದು ಹಳೇ ಸುದ್ದಿ ಅಲ್ವಾ ಅಣ್ಣಾ? ಎರಡು ವರ್ಷದ ಕೆಳಗೇ ಅಮ್ಮ ಬರೆದಿದ್ಳಲ್ಲ."

"ಅಮ್ಮ? ಯಾರಿಗೆ?"

"ಮೂರೂ ಜನಕ್ಕೆ. ತಿಂಗಳು ತಿಂಗಳು ಬರೀತಾಳೆ. 'ಅವನಿಗೆ ಬಡ್ತಿ ನಿಂತುಹೋಗಿದೆ, ನನ್ನ ಹತ್ರ ಮುಚ್ಚಿಟ್ಟಿದಾನೆ. ನೀವು ಯಾರೂ ಕೇಳಬೇಡಿ. ವಿಳಾಸದಲ್ಲಿ ಸೂಪರಿಂಟೆಂಡೆಂಟ್ ಅಂತಲೇ ಬರೀರಿ, ಇಲ್ದಿದ್ರೆ ನೊಂದ್ಕೋತಾನೆ' ಅಂತ."

"ಮತ್ತೆ ನೀನು ರೂಮು ನೋಡ್ಬೇಕು ಅಂತ ಯಾಕೋ ಬರೆದೆ?"

"ಅದರ ಮಾತೇ ಎತ್ತದೆ ಇದ್ರೆ ನಿನಗೆ ಅನುಮಾನ ಬರತ್ತೆ ಅಂತ ಬರೆದೆ. ನೀನು ಏನಾದ್ರೂ ನೆಪ ಹೇಳ್ತೀಯ, ನಾನು ಸರಿ ಅಂತೀನಿ ಅಂದ್ಕೊಂಡಿದ್ದೆ. ನೀನು ನೋಡಿದ್ರೆ ನಿಜ ಬರೆದು ಕೂತೆ!"

ಬಿಸ್ಕತ್ತಿನ ಡಬ್ಬಿ ತೆಗೆದು ನೋಡಿದೆ. ಕಾಗದಗಳ ಹಿಂಬದಿಯ ಚೌಕಾಕಾರದ ತೂತುಗಳೆಲ್ಲ ನನ್ನನ್ನೇ ನೋಡುತ್ತಿದ್ದವು. ಅಮ್ಮನಿಗೆ ಇಂಗ್ಲಿಷ್ ಬಾರದು. ಕಳಿಸಿದವರ ವಿಳಾಸವನ್ನು ಕತ್ತರಿಸಿ, ಹೊಸ ಏರೋಗ್ರಾಮಿನ ಮುಂದೆ ಅನ್ನದ ಅಗುಳಿನಿಂದ ಅಂಟಿಸಿ, ಒಳಗೆ ಪೆನ್ಸಿಲಿನಲ್ಲಿ ಬರೆದು, ದೇವಸ್ಥಾನಕ್ಕೆ ಹೋಗುವಾಗ ಡಬ್ಬಕ್ಕೆ ಹಾಕುತ್ತಿದ್ದಳು. ನಾನು ಕಾರ್ಬನ್ ಹಾಕಿ ಕುಟುಂಬದ ಸಮಾಚಾರ ನಡೆಸುತ್ತಿದ್ದೇನೆ ಎಂದುಕೊಂಡಿದ್ದೆ. ನನ್ನ ಕಾಗದದ ತಿದ್ದೋಲೆ ಅಡುಗೆಮನೆಯಿಂದ ಪ್ರತಿ ತಿಂಗಳೂ ಹೊರಡುತ್ತಿತ್ತು.

ಅಮ್ಮ ಬಂದ ಮೇಲೆ, "ನಿನಗೆ ಹೇಗಮ್ಮ ಗೊತ್ತಾಯ್ತು?" ಎಂದೆ.

"ಮೈಸೂರುಪಾಕು ತಂದೋನು ನಾಲ್ಕು ದಿನಕ್ಕೆ ತಲೆನೋವು ಅಂತ ಗೋಡೆ ಕಡೆ ತಿರುಗಿ ಮಲಗಿದೆಯಲ್ಲೋ ಶ್ರೀಕಂಠ. ಹೆತ್ತವಳಿಗೆ ಅಷ್ಟು ತಿಳಿಯಲ್ವೇ?" ಎಂದಳು. ಆಮೇಲೆ ನಾಗನ ಕಡೆ ತಿರುಗಿ, "ನಿನ್ನ ಬಾಯಲ್ಲಿ ಒಂದು ಮಾತು ನಿಲ್ಲಲ್ಲ" ಎಂದು ಗದರಿದಳು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮರುವರ್ಷ ಕೋರ್ಟು ತಡೆಯಾಜ್ಞೆ ತೆಗೆಯಿತು. ಆಜ್ಞೆ ಕೈಗೆ ಬಂತು, ಸಹಿ ಹಾಕಿದೆ, ರೂಮಿನಲ್ಲಿ ಕುಳಿತೆ. ನಾನು ನಿಜವಾಗಿ ಸೂಪರಿಂಟೆಂಡೆಂಟಾದೆ. ಈ ಸಲ ಕಾರ್ಬನ್ ಮುಟ್ಟಲಿಲ್ಲ. ಮೂವರಿಗೂ ಬೇರೆಬೇರೆ ಕೂತು ಮೂರು ಮೂಲಪ್ರತಿ ಬರೆದೆ. ನಾಗ ಉತ್ತರದಲ್ಲಿ ಬಿಸಿಲಿನ ಬಗ್ಗೆ ಬರೆದ. ವಿಮಲ, ಅಕ್ಷರ ಸ್ಪಷ್ಟವಾಗಿದೆ ಎಂದು ಸಂತೋಷಪಟ್ಟಳು. ಅಕ್ಕನೊಬ್ಬಳೇ ವಿಷಯಕ್ಕೆ ಬಂದಳು: 'ಕಂಠಿ, ಬಡ್ತಿ ಆಯ್ತು ಅಂತ ಬರೆದಿದೀಯ. ಅಮ್ಮನ ಕಾಗದ ಇನ್ನೂ ಬಂದಿಲ್ಲ. ಬಂದಮೇಲೆ ಬರೀತೀನಿ.'

ಆ ಸಂಜೆ ಮೂರು ಏರೋಗ್ರಾಮ್ ತಂದು ಅಮ್ಮನ ಮುಂದಿಟ್ಟೆ. ಅಮ್ಮ ಕನ್ನಡಕ ಹಾಕಿಕೊಂಡು, "ಆಜ್ಞೆ ತಂದಿದೀಯಾ? ತೋರಿಸು" ಎಂದಳು. ತೋರಿಸಿದೆ. ಇಂಗ್ಲಿಷಿನಲ್ಲಿದ್ದ ಅದನ್ನು ಎರಡು ಕಡೆಯೂ ತಿರುಗಿಸಿ ನೋಡಿ, ಮೊಹರಿನ ಮೇಲೆ ಬೆರಳಾಡಿಸಿ, ತಲೆದೂಗಿದಳು.

"ಸರಿ. ಪೆನ್ಸಿಲ್ ಮೊಂಡಾಗಿದೆ, ಜೀವಿ ಕೊಡು. ಹಾಗೇ ಒಳಗಿಂದ ಎರಡು ಅಗುಳು ಅನ್ನ ತಗೊಂಡು ಬಾ."

ತಂದುಕೊಟ್ಟೆ. ಸೂಪರಿಂಟೆಂಡೆಂಟಾಗಿ ನಾನು ಮಾಡಿದ ಕೆಲಸಗಳಲ್ಲಿ ಮೂರು ದೇಶಗಳವರು ನಂಬಿದ್ದು ಅದೊಂದೇ.