ಅತ್ತೆಯ ರೊಟ್ಟಿ, ಅಳಿಯನ ಅರ್ಥಶಾಸ್ತ್ರ

ಇನ್ನು ಮುಂದೆ ತನ್ನ ಮನೆಯಲ್ಲಿ ಬೆವರು ಹರಿಸದೆ ಒಂದು ಡಾಲರೂ ಯಾರ ಕೈಗೂ ಬರುವುದಿಲ್ಲ ಎಂದು ಉದಯಶಂಕರ ಘೋಷಿಸಿದ್ದು 2011ರ ಬೇಸಿಗೆ ರಜೆಯ ಒಂದು ಭಾನುವಾರ, ನಾಲ್ಕನೇ ದೋಸೆ ಮುರಿಯುತ್ತಾ. ಆ ಹೊತ್ತಿಗೆ ಮನೆಯಲ್ಲಿ ನಿಜವಾಗಿ ಬೆವರುತ್ತಿದ್ದವಳು ಕಾವಲಿಯ ಮುಂದೆ ನಿಂತಿದ್ದ ಹೆಂಡತಿ ರೇಖಾ ಒಬ್ಬಳೇ. ಅದು ಅವನ ಗಮನಕ್ಕೆ ಬರಲಿಲ್ಲ. ಮಹಾಘೋಷಣೆ ಮಾಡುವವರ ಗಮನಕ್ಕೆ ಇಂಥ ಸಣ್ಣಪುಟ್ಟ ಸಂಗತಿಗಳು ಬರುವುದಿಲ್ಲ!

ತಕರಾರು ಹುಟ್ಟಿದ್ದು ಬರ್ಬ್ಯಾಂಕಿನ ವಿಷಯಕ್ಕೆ. ಸ್ಯಾನ್ ಡಿಯಾಗೋದ ಮೀರಾ ಮೆಸಾದಲ್ಲಿದ್ದ ಅವರ ಮನೆಗೆ ರೇಖಾಳ ತಾಯಿ ಶಾರದವ್ವ ಧಾರವಾಡದಿಂದ ಬಂದಿದ್ದರು. ಅಜ್ಜಿಯನ್ನು ಲಾಸ್ ಏಂಜಲೀಸ್ ಪಕ್ಕದ ಬರ್ಬ್ಯಾಂಕಿಗೆ ಕರೆದೊಯ್ದು ಸಿನಿಮಾ ಸ್ಟುಡಿಯೋ ತೋರಿಸಬೇಕೆಂದು ಹನ್ನೆರಡು ವರ್ಷದ ಪ್ರಣತಿ ಹಟ ಹಿಡಿದಿದ್ದಳು. ಶಾರದವ್ವನಿಗೆ ಸಿನಿಮಾ ಎಂದರೆ ಪ್ರಾಣ. ಅಳುವ ದೃಶ್ಯ ಬಂದರೆ ಟಿಕೆಟ್ಟಿನ ಹಣ ಪೂರ್ತಿ ವಸೂಲಾಗುವಂತೆ ಅಳುವ ಜಾಯಮಾನ ಅವರದು.

"ಟಿಕೆಟ್ಟು, ಪೆಟ್ರೋಲು, ಪಾರ್ಕಿಂಗು, ಹೊರಗಡೆ ಊಟ!" ಉದಯಶಂಕರ ಬೆರಳು ಮಡಚಿದ. "ಸಿನಿಮಾ ಸೆಟ್ಟಿನ ಸುಳ್ಳು ಗೋಡೆ ನೋಡೋಕೆ ನಿಜವಾದ ದುಡ್ಡು ಕೊಡಬೇಕಾ? ಹೋಗ್ಬೇಕು ಅಂದ್ರೆ ಹೋಗಿ. ಆದ್ರೆ ದುಡಿದು ಹೋಗಿ!"

ಅವನ ಜಿಪುಣತನಕ್ಕೆ ಒಂದು ಕಾರಣವಿತ್ತು. ಕರ್ನಿ ಮೆಸಾದಲ್ಲಿದ್ದ ಅವನ ಟೆಲಿಕಾಂ ಕಂಪನಿ ಆ ವರ್ಷ ಜನರನ್ನು ಮನೆಗೆ ಕಳಿಸತೊಡಗಿತ್ತು. ತನ್ನ ಕುರ್ಚಿ ಎಷ್ಟು ದಿನವೋ ಎಂಬ ಅಳುಕು ಅವನ ಹೊಟ್ಟೆಯೊಳಗಿತ್ತು. ಅದನ್ನು ಹೇಳಿಕೊಳ್ಳಲು ಗಂಡಸುತನ ಬಿಡಲಿಲ್ಲ. ಅಳುಕಿಗೆ ಅರ್ಥಶಾಸ್ತ್ರದ ಅಂಗಿ ತೊಡಿಸಿ ಹೊರಗೆ ಬಿಟ್ಟಿದ್ದ.

ಸ್ಥಳದಲ್ಲೇ ದರ ನಿಗದಿಯಾಯಿತು. ಪಾತ್ರೆ ತೊಳೆದರೆ ಒಂದು ಡಾಲರ್. ಬಟ್ಟೆ ಮಡಿಸಿದರೆ ಒಂದು. ಕಾರು ತೊಳೆದರೆ ಮೂರು.

"ಅಡುಗೆಗೆ?" ಎಂದಳು ರೇಖಾ, ತಿರುಗಿಯೂ ನೋಡದೆ.

"ಅದು ಪ್ರೀತಿಯಿಂದ ಮಾಡೋ ಕೆಲಸ. ಪ್ರೀತಿಗೆ ದರ ಕಟ್ಟೋಕಾಗುತ್ತಾ?"

"ಸರಿ. ಹಾಗಾದ್ರೆ ನಾಳೆ ಬೆಳಿಗ್ಗೆ ಎರಡು ತುತ್ತು ಪ್ರೀತಿ ತಿಂದ್ಕೊಂಡು ಆಫೀಸಿಗೆ ಹೋಗಿ."

ಆದರೂ ಯೋಜನೆ ಅದ್ಭುತವಾಗಿ ಆರಂಭವಾಯಿತು. ಪಾತ್ರೆಗಳು ಕನ್ನಡಿಯಾದವು. ಕಾರು ಮದುಮಗನಂತೆ ಹೊಳೆಯಿತು. ಉದಯಶಂಕರ ಆಫೀಸಿನಲ್ಲಿ ತನ್ನ ಕಿರಿಯ ಸಹೋದ್ಯೋಗಿ ಗುರುಕಿರಣನನ್ನು ಕೂರಿಸಿಕೊಂಡು ಮಕ್ಕಳನ್ನು ಬೆಳೆಸುವುದು ಹೇಗೆಂದು ಉಪನ್ಯಾಸ ಕೊಟ್ಟ. ನಾರ್ತ್‌ರಿಜ್‌ನಲ್ಲಿ ಎಂ.ಎಸ್. ಮುಗಿಸಿ ಬಂದಿದ್ದ, ಇನ್ನೂ ಮದುವೆಯೇ ಆಗದ ಆ ಹುಡುಗ ಭಕ್ತಿಯಿಂದ ಕೇಳಿಸಿಕೊಂಡ. ಮ್ಯಾನೇಜರ್ ಮಾತಲ್ಲವೇ!

ಒಂದು ದಿನ ಉದಯಶಂಕರ ಬೇಗ ಮನೆಗೆ ಬಂದ. ನೋಡುತ್ತಾನೆ: ಪ್ರಣತಿ ಅಂಗಳದ ಕುರ್ಚಿಯಲ್ಲಿ ಕಾಲು ಚಾಚಿ ಕಥೆಪುಸ್ತಕ ಓದುತ್ತಿದ್ದಾಳೆ. ಶಾರದವ್ವ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಧಾರವಾಡದಲ್ಲಿ ಎಮ್ಮೆಯ ಮೈ ತಿಕ್ಕುವ ಹುರುಪಿನಲ್ಲಿ ರೇಖಾಳ ಕಾರು ತಿಕ್ಕುತ್ತಿದ್ದಾರೆ!

"ಪ್ರಣತಿ! ಏನಿದು?"

"ಔಟ್‌ಸೋರ್ಸಿಂಗ್, ಅಪ್ಪ," ಎಂದಳು ಪ್ರಣತಿ ತಣ್ಣಗೆ. "ಯುವರ್ ಕಂಪನಿ ಡಸ್ ಇಟ್. ಅಂಡ್ ಅಜ್ಜಿ ಈಸ್ ಫ್ರಮ್ ಇಂಡಿಯಾ!"

"ಅಜ್ಜಿಗೆ ಎಷ್ಟು ಕೊಡ್ತೀಯ?"

"ಫಿಫ್ಟಿ ಸೆಂಟ್ಸ್."

ಕಾರಿನ ಆಚೆ ಬದಿಯಿಂದ ಶಾರದವ್ವನ ತಲೆ ಮೇಲೆದ್ದಿತು. "ಊರ ರೇಟಿಗೆ ನೋಡಿದ್ರ ಚಲೋನ ಐತ್ರಿ ಅಳಿಯಂದ್ರ!"

ಉದಯಶಂಕರನಿಗೆ ಪಿತ್ತ ನೆತ್ತಿಗೇರಿತು. ಕೂಡಲೇ ತಿದ್ದುಪಡಿ ಹೊರಬಿತ್ತು. "ಮನೆ ದುಡ್ಡು ಮನೆಯೊಳಗೇ ಸುತ್ತಿದ್ರೆ ಅದು ಸಂಪಾದನೆ ಅಲ್ಲ, ಗಾಣ! ಹೊರಗಿನ ದುಡ್ಡು ಒಳಗೆ ಬರಬೇಕು. ಅದು ನೋಡು ಬಿಸಿನೆಸ್! ಇವತ್ತಿಂದ ನಾನು ಒಂದು ಸೆಂಟೂ ಕೊಡಲ್ಲ."

ಪ್ರಣತಿ ಸ್ವಲ್ಪ ಯೋಚಿಸಿ "ಓಕೆ" ಎಂದಳು. ಮಕ್ಕಳು ವಾದ ಮಾಡದೆ ಓಕೆ ಎಂದಾಗ ತಂದೆಯಾದವನು ಹೆದರಬೇಕು. ಉದಯಶಂಕರ ಹೆಮ್ಮೆಪಟ್ಟ!

ಇದಾಗಿ ಕೆಲವು ದಿನಗಳ ಮೇಲೆ, ಆಫೀಸಿನ ಊಟದ ಕೋಣೆಯಲ್ಲಿ ಗುರುಕಿರಣ ಒಂದು ಕಾಗದದ ಪೊಟ್ಟಣ ಬಿಚ್ಚಿದ. ಒಳಗೆ ಜೋಳದ ಖಡಕ್ ರೊಟ್ಟಿ! ಜೊತೆಗೆ ಶೇಂಗಾ ಚಟ್ನಿಪುಡಿ! ಉದಯಶಂಕರ ಹುಟ್ಟಿದ್ದು ಚಾಮರಾಜಪೇಟೆಯಲ್ಲಾದರೂ ಮದುವೆಯಾದ ಮೇಲೆ ಅವನ ನಾಲಿಗೆ ಧಾರವಾಡಕ್ಕೆ ಪಕ್ಷಾಂತರ ಮಾಡಿತ್ತು. ಕೇಳದೆಯೇ ಒಂದು ಮುರಿದು ಬಾಯಿಗೆ ಹಾಕಿಕೊಂಡ. ಕಟಂ!

"ಎಲ್ಲಿಂದ ತಂದೆಯೋ?"

"ಯಾರೋ ಒಬ್ರು... ಮನೇಲಿ ಮಾಡಿಕೊಡ್ತಾರೆ ಸಾರ್," ಎಂದ ಗುರುಕಿರಣ, ಗೋಡೆಯ ಗಡಿಯಾರವನ್ನು ನೋಡುತ್ತಾ. "ಹತ್ತು ರೊಟ್ಟಿ, ಚಟ್ನಿಪುಡಿ ಸೇರಿ ಎಂಟು ಡಾಲರ್."

ಸುಳ್ಳು ಗೋಡೆಗೆ ಡಾಲರ್ ಬಿಚ್ಚದವನು ರೊಟ್ಟಿಗೆ ಆ ಕ್ಷಣವೇ ಬಿಚ್ಚಿದ. ಮುಂದಿನ ವಾರ ಎರಡು ಕಟ್ಟು, ಅದರಾಚೆ ಮೂರು.

ವಿಚಿತ್ರವೆಂದರೆ ಅದೇ ದಿನಗಳಲ್ಲಿ ಮನೆಯ ಊಟದಿಂದ ರೊಟ್ಟಿ ಮಾಯವಾಗಿತ್ತು. "ಅತ್ತೆ, ರೊಟ್ಟಿ ಮಾಡ್ಲಿಲ್ವಾ?" ಎಂದರೆ "ಹಿಟ್ಟು ತೀರೇತ್ರಿ" ಎನ್ನುವರು. ಹಿಟ್ಟು ತೀರಿದ ಅಡುಗೆಮನೆಯಲ್ಲಿ ನೆಲದ ತುಂಬ ಹಿಟ್ಟು! ಸಂಜೆಯಾದರೆ ಶಾರದವ್ವ ರಟ್ಟೆಗೆ ಮುಲಾಮು ಹಚ್ಚಿಸಿಕೊಳ್ಳುವರು. ಭಾನುವಾರದ ಕನ್ನಡ ತರಗತಿಯಲ್ಲಿ ಗುರುಕಿರಣನೇ ಮೇಷ್ಟರಾಗಿ ವರ್ಷವಿಡೀ ಹೆಣಗಿದರೂ ಇಂಗ್ಲಿಷ್ ಬಿಟ್ಟು ಕದಲದ ಪ್ರಣತಿ, ಈಗ "ಅಜ್ಜಿ, ಉರಿ ಸಣ್ಣ ಮಾಡ್ಲೇನ?" ಎನ್ನುತ್ತಿದ್ದಳು. ಗಾಳಿಯಲ್ಲಿ ತೇಲುವ ಸಿಗ್ನಲ್ ಹಿಡಿಯುವುದೇ ಉದಯಶಂಕರನ ವೃತ್ತಿ. ಮನೆಯೊಳಗಿನ ಸಿಗ್ನಲ್ ಮಾತ್ರ ಒಂದೂ ಸಿಗಲಿಲ್ಲ!

ಅವನಿಗೆ ಅವನದೇ ಚಿಂತೆ. ಮಗಳಿಗೆ ಮಿತವ್ಯಯ ಬೋಧಿಸುವ ತಂದೆ ರೊಟ್ಟಿಗೆ ಇಷ್ಟು ಸುರಿಯುತ್ತಿದ್ದಾನೆಂದು ಗೊತ್ತಾದರೆ? ಕಟ್ಟುಗಳನ್ನು ಕಾರಿನ ಡಿಕ್ಕಿಯಲ್ಲಿ ಬಚ್ಚಿಟ್ಟ. ಸಂಜೆ "ಟೈರಿನ ಗಾಳಿ ನೋಡಿ ಬರ್ತೀನಿ" ಎಂದು ಗ್ಯಾರೇಜಿಗೆ ಹೋಗಿ, ಕಾರಿನೊಳಗೆ ಕುಳಿತು, ಸದ್ದು ಕೇಳದಿರಲೆಂದು ರೇಡಿಯೋ ಹಾಕಿಕೊಂಡು ತಿಂದ. ಆ ತಿಂಗಳು ಅವನ ಟೈರುಗಳಿಗೆ ಸಿಕ್ಕ ಆರೈಕೆ ವಿಮಾನದ ಟೈರುಗಳಿಗೂ ಸಿಕ್ಕಿರಲಿಕ್ಕಿಲ್ಲ.

"ಗ್ಯಾರೇಜಲ್ಲಿ ಇಲಿ ಸೇರ್ಕೊಂಡಿದೆ ಅನ್ಸುತ್ತೆ ರೀ," ಎಂದಳು ರೇಖಾ ಒಂದು ಸಂಜೆ. "ಕಟಕಟ ಅಂತ ಸದ್ದು."

"ನಾ... ನಾನು ನೋಡ್ತೀನಿ ಬಿಡು."

"ನೋಡಿ. ದೊಡ್ಡ ಇಲೀನೇ ಇರ್ಬೇಕು. ಮೀಸೆ ಮೇಲೆ ಚಟ್ನಿಪುಡಿ ಬೇರೆ!"

ಅವನು ಮೀಸೆ ಒರೆಸಿಕೊಂಡು ಸ್ನಾನದ ಮನೆಗೆ ಓಡಿದ.

ಇಷ್ಟರಲ್ಲಿ ರೊಟ್ಟಿಯ ಬೆಲೆ ಎಂಟರಿಂದ ಹತ್ತಕ್ಕೆ ನೆಗೆಯಿತು.

"ಯಾಕೋ ಏರಿಸಿದ್ರು?"

"ಡಿಮ್ಯಾಂಡ್ ಜಾಸ್ತಿ ಆಗಿದೆ ಸಾರ್," ಗುರುಕಿರಣ ತಲೆ ಕೆರೆದುಕೊಂಡ. "ಯಾರೋ ಒಬ್ರು ತುಂಬ ತಗೊಳ್ತಿದಾರಂತೆ. ಅದಕ್ಕೆ."

"ಯಾವನೋ ಅವನು ಹೊಟ್ಟೆಬಾಕ!" ಎಂದು ಉದಯಶಂಕರ ಮೇಜು ಕುಟ್ಟಿದ. "ನೋಡು, ಮಧ್ಯದವರಿಂದ ತಗೊಂಡ್ರೆ ಹೀಗೇ. ಇವತ್ತು ನೀನು ನನ್ನನ್ನ ನೇರವಾಗಿ ಆ ಮನೆಗೇ ಕರ್ಕೊಂಡು ಹೋಗು. ನಾನೇ ಮಾತಾಡ್ತೀನಿ."

"ಸಾರ್... ಬೇಡ ಸಾರ್... ಅವರು ಯಾರನ್ನೂ ಮನೆಗೆ ಸೇರಿಸಲ್ಲ..."

"ನನ್ನನ್ನ ಸೇರಿಸ್ತಾರೆ. ನಡಿ!"

ಗುರುಕಿರಣನ ಕಾರು ಹೊರಟಿತು. ತುಂಬಿದ ಟ್ಯಾಂಕಿಗೆ ಪೆಟ್ರೋಲು ಹಾಕಿಸಲು ಒಂದು ಕಡೆ ನಿಂತ. ಫ್ರೀವೇಯಿಂದ ಇಳಿಯಬೇಕಾದ ಕಡೆ ಇಳಿಯದೆ ಮುಂದೆ ಹೋಗಿ ಸುತ್ತಿ ಬಂದ. ಉದಯಶಂಕರನಿಗೆ ಇದಾವುದರ ಪರಿವೆಯೇ ಇರಲಿಲ್ಲ. ಚೌಕಾಸಿಯ ತಾಲೀಮು ನಡೆಸಿದ್ದ.

"ಮೊದಲು ಹೊಗಳಬೇಕು ಕಣೋ. ಆಮೇಲೆ ರೇಟು ಇಳಿಸಬೇಕು. ನಮ್ಮತ್ತೇನೂ ರೊಟ್ಟಿ ಮಾಡ್ತಾರೆ, ಇಲ್ಲ ಅನ್ನಲ್ಲ. ಆದ್ರೆ ಈ ಯಮ್ಮನ ಕೈರುಚಿ ಮುಂದೆ ನಮ್ಮತ್ತೆ ಇನ್ನೂ ಎಲ್‌ಕೆಜಿ!"

ಗುರುಕಿರಣನಿಗೆ ಕೆಮ್ಮು ಹತ್ತಿತು. ಕಾರು ಮೀರಾ ಮೆಸಾಕ್ಕೆ ತಿರುಗಿತು.

"ಅರೆ, ನಮ್ಮ ಕಡೇನೇ!"

ಕಾರು ಎಡಕ್ಕೆ ತಿರುಗಿತು.

"ಅರೆರೆ, ನಮ್ಮ ಬೀದಿ! ಛೆ, ಇಷ್ಟು ಹತ್ತಿರ ಇಟ್ಕೊಂಡು... ಯಾರ ಮನೆಯೋ? ಎದುರುಮನೆ ಫಿಲಿಪೀನೋ ಆಂಟೀನಾ? ಅವರಿಗೆ ಜೋಳದ ರೊಟ್ಟಿ ಯಾರೋ ಕಲಿಸಿದ್ರು?"

ಗುರುಕಿರಣ ಕಾರು ನಿಲ್ಲಿಸಿ, ಸ್ಟಿಯರಿಂಗಿಗೆ ಹಣೆ ಒತ್ತಿ ಕುಳಿತುಬಿಟ್ಟ.

"ನಮ್ಮ ಮನೆ ಮುಂದೆ ಯಾಕೋ ನಿಲ್ಲಿಸಿದೆ? ಕಾಫಿ ಆಮೇಲೆ ಕುಡಿಯೋಣ. ಮೊದಲು ರೊಟ್ಟಿ!"

ಆಗ ಕೇಳಿಸಿತು, ಅವನದೇ ಅಡುಗೆಮನೆಯ ಕಿಟಕಿಯಿಂದ: ತಟ್, ತಟ್, ತಟ್. ಜೋಳದ ಹಿಟ್ಟಿನ ಮೇಲೆ ಅಂಗೈ ಬೀಳುವ ಸದ್ದು. ಉದಯಶಂಕರ ನಿದ್ದೆಯಲ್ಲಿ ನಡೆಯುವವನಂತೆ ಹೋಗಿ, ಜೇಬಿನಲ್ಲಿ ಬೀಗದಕೈ ಇದ್ದರೂ ತನ್ನ ಮನೆಯ ಬಾಗಿಲನ್ನು ತಾನೇ ತಟ್ಟಿದ.

ಬಾಗಿಲು ಸ್ವಲ್ಪವೇ ತೆರೆಯಿತು. ಮೂಗಿನ ತುದಿಗೆ ಹಿಟ್ಟು ಮೆತ್ತಿಕೊಂಡ ಮುಖವೊಂದು, ಹಿಂತಿರುಗಿ ಯಾರೊಡನೆಯೋ ಮಾತನಾಡುತ್ತಲೇ, "ಇವತ್ತಿನ ಆರ್ಡರ್ ಮುಗದಾವ್ರಿ, ನಾಳೆ ಬರ್ರಿ" ಎಂದಿತು. ಆಮೇಲೆ ಈ ಕಡೆ ತಿರುಗಿತು. "ಓ ನೋ."

ಒಳಗೆ ಊಟದ ಮೇಜಿನ ಮೇಲೆ, ಸೋಫಾದ ಮೇಲೆ, ಟಿವಿಯ ಮುಂದೆ ಹಾಸಿದ ಪಂಚೆಯ ಮೇಲೆ, ಎಲ್ಲೆಲ್ಲೂ ರೊಟ್ಟಿ! ಪಂಚೆ ಅವನದೇ. ರೇಖಾ ಒಂದು ಮೂಲೆಯಲ್ಲಿ ಕುಳಿತು ಕಟ್ಟು ಕಟ್ಟುತ್ತಿದ್ದಳು.

"ಬರ್ರಿ ಅಳಿಯಂದ್ರ," ಎಂದರು ಶಾರದವ್ವ, ತಟ್ಟುವುದನ್ನು ನಿಲ್ಲಿಸದೆ. "ಲಗೂನ ಬಂದ್ರಿ ಇವತ್ತ?"

ಉದಯಶಂಕರನಿಗೆ ಮಾತು ಬಂದಾಗ ಒಟ್ಟಿಗೇ ಬಂದಿತು. "ರೇಖಾ! ನಿಂಗೆ ಗೊತ್ತಿತ್ತಾ? ಇದಕ್ಕೆಲ್ಲ ಲೈಸೆನ್ಸ್ ಬೇಕು! ಅಲ್ದೆ ಅತ್ತೆ ವಿಸಿಟರ್ ವೀಸಾದಲ್ಲಿ ಬಂದಿದಾರೆ, ಅವರು ಇಲ್ಲಿ ಕೆಲಸ ಮಾಡೋ ಹಾಗೇ ಇಲ್ಲ!"

ರೇಖಾ ಸೊಂಟಕ್ಕೆ ಕೈಯಿಟ್ಟಳು. "ಹೌದಾ? ಮತ್ತೆ ಬಂದ ದಿನದಿಂದ ನಿಮ್ಮ ಅಂಗಿಗೆ ಇಸ್ತ್ರಿ ಹಾಕ್ತಿದಾರಲ್ಲ, ಅದು ಯಾವ ವೀಸಾ?"

ಪ್ರಣತಿಯ ಕಣ್ಣು ತುಂಬಿಕೊಂಡಿತು. ಅವಳು ಎಂದೂ ಇಲ್ಲದೆ ಪೂರ್ತಿ ಕನ್ನಡದಲ್ಲೇ ಹೇಳಿದಳು. "ನೀನೇ ಅಂದಿ ಅಪ್ಪ, ಹೊರಗಿನ ದುಡ್ಡು ಒಳಗ ತರಬೇಕು ಅಂತ. ಗುರು ಅಂಕಲ್‌ಗೆ ನಾನೇ ಹೇಳಿದ್ದೆ, ಅಪ್ಪಂಗ ಹೇಳಬ್ಯಾಡ್ರಿ ಅಂತ. ಸರ್‌ಪ್ರೈಸ್ ಕೊಡೋಣ ಅಂತ."

"ಹೊರಗಿನ ದುಡ್ಡೇನು ಬಿಡೇ," ಎಂದಳು ರೇಖಾ. "ಬಂದಿದ್ದರಲ್ಲಿ ಅರ್ಧಕ್ಕರ್ಧ ಇವರದೇ. ಮನೆಯಿಂದ ಆಫೀಸಿಗೆ ಹೋಗಿ, ವಾಕಿಂಗ್ ಮುಗಿಸ್ಕೊಂಡು ವಾಪಸ್ ಬಂತು!"

ಬಾಗಿಲಲ್ಲಿ ನಿಂತಿದ್ದ ಗುರುಕಿರಣ ತಡೆಯಲಾಗದೆ ನಕ್ಕ. ಉದಯಶಂಕರ ಅವನನ್ನು ದುರುಗುಟ್ಟಿ ನೋಡಿದ. ಅದು ತಪ್ಪಾಯಿತು. ಗಾಬರಿಬಿದ್ದ ಗುರುಕಿರಣ ಮಾತು ಬದಲಿಸಲು ಹೋಗಿ, "ಅಜ್ಜಿ, ಸಾರ್ ದಾರಿಯುದ್ದಕ್ಕೂ ನಿಮ್ಮ ರೊಟ್ಟೀನೇ ಹೊಗಳ್ತಿದ್ರು! ಇದರ ಮುಂದೆ ಅವರ ಅತ್ತೆ ಎಲ್‌ಕೆಜಿ ಅಂದ್ರು!" ಎಂದುಬಿಟ್ಟ.

ತಟ್ಟುವ ಸದ್ದು ನಿಂತಿತು.

ಶಾರದವ್ವ ನಿಧಾನವಾಗಿ ಕೈ ಒರೆಸಿಕೊಂಡರು. ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದವರು, ಸಿನಿಮಾದಲ್ಲಿ ಅಳುವಷ್ಟೇ ಧಾರಾಳವಾಗಿ, ಕಣ್ಣೀರು ಬರುವವರೆಗೂ ನಕ್ಕರು. "ಅಯ್ಯ, ನನ್ನ ಮುಂದ ನಾನ ಎಲ್‌ಕೆಜಿ ಆದ್ನೆಲ್ಲೋ ಯಪ್ಪಾ!"

ರೊಟ್ಟಿ ಅಂಗಡಿ ಆ ಸಂಜೆಯೇ ಮುಚ್ಚಿತು. ಲೈಸೆನ್ಸಿನ ಮಾತು ಉದಯಶಂಕರ ಹೆದರಿಸಲು ಆಡಿದ್ದಾದರೂ ನಿಜವೇ ಆಗಿತ್ತು. ಗುರುಕಿರಣ ಕೊನೆಯ ಕಟ್ಟುಗಳನ್ನು ಹೊತ್ತುಕೊಂಡು ಹೋದ ಮೇಲೆ ರೇಖಾ ಗಂಡನ ಪಕ್ಕ ಬಂದು ಕುಳಿತಳು.

"ಆಫೀಸಲ್ಲಿ ಜನ ತೆಗೀತಿದಾರೆ ಅಂತ ಗುರು ಹೇಳ್ದ. ನೀವ್ಯಾಕೆ ನಂಗೆ ಹೇಳ್ಲಿಲ್ಲ?"

"ನೀವೆಲ್ಲ ಹೆದರ್ಕೋತೀರಿ ಅಂತ."

"ಅದಕ್ಕೆ ನೀವೊಬ್ರೇ ಗ್ಯಾರೇಜಲ್ಲಿ ಕೂತು ಹೆದರ್ಕೊಂಡ್ರಾ? ಅದೂ ರೊಟ್ಟಿ ಜೊತೆ? ಇನ್ಮೇಲೆ ಹೆದರ್ಕೋಬೇಕು ಅನ್ಸಿದ್ರೆ ಒಳಗೆ ಬನ್ನಿ. ಎಲ್ಲರೂ ಸೇರಿ ಹೆದರ್ಕೊಳ್ಳೋಣ. ತುಪ್ಪಾನೂ ಹಾಕ್ತೀನಿ."

ಉದಯಶಂಕರನಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಬಹಳ ದಿನಗಳ ಮೇಲೆ ಅವನ ಭುಜ ಸ್ವಲ್ಪ ಸಡಿಲಾಯಿತು.

ಹಿಟ್ಟಿನ ಖರ್ಚು ಕಳೆದು ಉಳಿದದ್ದು ಬರ್ಬ್ಯಾಂಕಿಗೆ ಸಾಕಾಗುವಷ್ಟಿತ್ತು. ಆಗಸ್ಟಿನ ಒಂದು ಶನಿವಾರ ನಾಲ್ವರೂ ಹೊರಟರು. ಲಾಸ್ ಏಂಜಲೀಸಿನ ಟ್ರಾಫಿಕ್ಕಿನಲ್ಲಿ ಹಿಂದಿನ ಸೀಟಿನಿಂದ ಪ್ರಣತಿ ಮತ್ತು ಶಾರದವ್ವ, ಸ್ವಂತ ದುಡ್ಡಿನಲ್ಲಿ ಹೊರಟವರಿಗೆ ಮಾತ್ರ ಬರುವ ಗತ್ತಿನಲ್ಲಿ, ದಾರಿಯುದ್ದಕ್ಕೂ ಅಪ್ಪಣೆ ಕೊಡುತ್ತ ಬಂದರು. ಎ.ಸಿ. ಜೋರು ಮಾಡು. ಆ ಲೇನಿಗೆ ಹೋಗು.

ಸ್ಟುಡಿಯೋದ ಟಿಕೆಟ್ ಕಿಟಕಿಯಲ್ಲಿ ಉದಯಶಂಕರ ಅಭ್ಯಾಸಬಲದಿಂದ ಪರ್ಸಿಗೆ ಕೈಹಾಕಿದ. ಶಾರದವ್ವ ಆ ಕೈಯನ್ನು ಹಿಡಿದು ಹಿಂದಕ್ಕೆ ಸರಿಸಿದರು. ಸೆರಗಿನ ಗಂಟು ಬಿಚ್ಚಿ ನೋಟುಗಳನ್ನು ಪ್ರಣತಿಗೆ ಕೊಟ್ಟರು. ಪ್ರಣತಿ ಕಿಟಕಿಯೊಳಗೆ ಚಾಚಿದಳು.

"ನಾಲ್ಕೂ ನಾವ ತಗೊಂತೀವಿ. ನೀವ್ ಸುಮ್ನಿರ್ರಿ ಅಳಿಯಂದ್ರ," ಎಂದರು ಶಾರದವ್ವ. "ಮನ್ಯಾಗ ದುಡಿಯೋ ಮಂದಿ ನಾವ್ ಅದೀವಿ. ನೀವ್ಯಾಕ ಚಿಂತಿ ಮಾಡ್ತೀರಿ?"

ಸರತಿ ಸಾಲಿನಲ್ಲಿ ಹಿಂದೆ ನಿಂತಿದ್ದವರಿಗೆ ಭಾಷೆ ತಿಳಿಯದಿದ್ದರೂ ಅರ್ಥವಾದಂತಿತ್ತು, ನಕ್ಕರು. ಉದಯಶಂಕರ ಪರ್ಸು ಒಳಗಿಟ್ಟು, ತಲೆ ತಗ್ಗಿಸಿ ಪಕ್ಕಕ್ಕೆ ಸರಿದು ನಿಂತ.

ಅದನ್ನು ಕಂಡು ಶಾರದವ್ವನಿಗೆ ಕರುಳು ಚುರ್ ಎಂದಿತು. ಗಂಟಿನಿಂದ ಐದು ಡಾಲರಿನ ನೋಟೊಂದನ್ನು ತೆಗೆದು ಅಳಿಯನ ಅಂಗೈಯಲ್ಲಿಟ್ಟು, ಬೆರಳು ಮಡಚಿ, ಮೆಲ್ಲಗೆ ಹೇಳಿದರು.

"ಒಂದ್ ಕಾಫಿ ಕುಡದ್ ಬರ್ರಿ. ಉಳದ ಚಿಲ್ರೆ ಪ್ರಣತಿ ಕೈಯಾಗ ಕೊಡ್ರಿ, ಆಕಿ ಎಣಿಸ್ತಾಳ."