ಭಾವನಿಗೆ ಬಡಿಸಿದ ಬಿಳಿಮೀನು

ಚಳಿಗಾಲದಲ್ಲಿ ಬಿಳಿಮೀನು ಹಿಡಿಯಬೇಕೆಂದರೆ ಗಾಳಕ್ಕೆ ನೊಣದ ಮರಿಹುಳು ಚುಚ್ಚಬೇಕು. ಹುಳು ಬದುಕಿರಬೇಕೆಂದರೆ ತಣ್ಣಗಿರಬೇಕು, ಆದರೆ ಹೆಪ್ಪುಗಟ್ಟಬಾರದು. ನಮ್ಮ ಮೊಂಟಾನಾದ ಫೆಬ್ರವರಿಯಲ್ಲಿ ತಣ್ಣಗಿದ್ದೂ ಹೆಪ್ಪುಗಟ್ಟದ ಜಾಗ ಒಂದೇ ಒಂದು, ಅದು ಅಡುಗೆಮನೆಯ ಫ್ರಿಜ್ಜು. ಇಷ್ಟು ಸರಳವಾದ ವಿಜ್ಞಾನ ನನ್ನ ಹೆಂಡತಿ ವರ್ನಾಳಿಗೆ ಅರ್ಥವಾಗಲಿಲ್ಲ.

ತಪ್ಪು ನನ್ನದೂ ಸ್ವಲ್ಪ ಇತ್ತೆನ್ನಿ. ಹುಳುಗಳನ್ನು ಹಾಕಿಟ್ಟಿದ್ದು ಹುಳಿ ಕೆನೆಯ ಖಾಲಿ ಡಬ್ಬದಲ್ಲಿ. ಅವಳು ಬೇಯಿಸಿದ ಆಲೂಗಡ್ಡೆ ಸೀಳಿಟ್ಟು, ಮೇಲೊಂದು ಚಮಚ ಕೆನೆ ಹಾಕೋಣವೆಂದು ಮುಚ್ಚಳ ತೆಗೆದಳು. (ಹುಳಿ ಇರಬೇಕಾದಲ್ಲಿ ಹುಳು. ಗುಡಿಸಿನ ಬದಲು ಒಂದು ಕೊಂಬು, ವ್ಯತ್ಯಾಸ ಅಷ್ಟೇ.) ಅವಳು ಕಿರುಚಲಿಲ್ಲ. ಕಿರುಚಿದ್ದರೆ ವಾಸಿಯಿತ್ತು. ಡಬ್ಬವನ್ನು ನನ್ನ ತಟ್ಟೆಯ ಪಕ್ಕ ತಂದಿಟ್ಟು, "ನಿಮ್ಮ ಆಲೂಗಡ್ಡೆಗೆ ನೀವೇ ಹಾಕ್ಕೊಳ್ಳಿ" ಅಂದಳು.

ಅಂದಿನಿಂದ ಮನೆಯಲ್ಲಿ ಹೊಸ ಕಾನೂನು. ಬಿಳಿಮೀನು ಅಡುಗೆಮನೆಯ ಹೊಸ್ತಿಲು ದಾಟಕೂಡದು. ತೊಳೆಯುವುದು, ಕೊಯ್ಯುವುದು, ಹೊಗೆ ಹಾಕುವುದು, ಎಲ್ಲ ಹಿತ್ತಲ ಶೆಡ್ಡಿನಲ್ಲೇ. "ನಾನು ಅದನ್ನ ಮುಟ್ಟಲ್ಲ, ಮೂಸಲ್ಲ, ಕಣ್ಣೆತ್ತಿ ನೋಡಲ್ಲ" ಅಂದಳು.

ಇದಕ್ಕೆ ಉಪ್ಪು ಖಾರ ಹಚ್ಚುವವನು ಅವಳ ಅಣ್ಣ ಡೆಲ್ಮರ್. ನಮ್ಮ ಭಾವನವರು ಹೊರ ಊರಿನ ಸಾಹುಕಾರರನ್ನು ದೋಣಿಯಲ್ಲಿ ಕೂರಿಸಿಕೊಂಡು ಟ್ರೌಟ್ ಹಿಡಿಸುವ ವೃತ್ತಿಯವರು. ಅವರ ಲೆಕ್ಕದಲ್ಲಿ ನದಿಯಲ್ಲಿರುವುದು ಟ್ರೌಟ್ ಮಾತ್ರ, ಮಿಕ್ಕಿದ್ದೆಲ್ಲ ಕೊಚ್ಚಿಕೊಂಡು ಬಂದ ಕಸ. ಗಿರಾಕಿಯ ಗಾಳಕ್ಕೆ ಬಿಳಿಮೀನು ಸಿಕ್ಕರೆ ಸಾವಿನ ಮನೆಗೆ ಬಂದವರ ಹಾಗೆ ಮುಖ ಮಾಡಿಕೊಂಡು ಅದನ್ನು ಬಿಡಿಸಿ ನೀರಿಗೆ ಎಸೆಯುತ್ತಾರೆ. ಹೆಂಡತಿ ಬಿಟ್ಟುಹೋದ ಮೇಲೆ ಪ್ರತಿ ಶನಿವಾರ ರಾತ್ರಿ ಊಟಕ್ಕೆ ನಮ್ಮಲ್ಲೇ. ಊಟ ನಮ್ಮದು, ಉಪದೇಶ ಅವರದು.

"ಅಲ್ಲಯ್ಯಾ ಆರ್ವಿಡ್, ಶಾಲೆ ಬಸ್ಸು ಓಡಿಸಿ ರಿಟೈರಾದೋನು ನೀನು. ಮಾನವಾಗಿ ಕಟ್ಟಿಗೆ ಒಡಕೊಂಡು ಇರಬಾರದಾ? ಚಳೀಲಿ ನಡುಗಿಕೊಂಡು ಆ ಚೂಪು ಮೂತಿ ಮೀನನ್ನ ಹಿಡೀತೀಯಲ್ಲ. ಅದರ ಬಾಯಿ ನೋಡಿದೀಯಾ? ಸೀಟಿ ಹೊಡೆಯೋಕೆ ಹೊರಟಹಾಗಿರುತ್ತೆ."

"ಒಂದ್ಸಲ ತಿಂದು ನೋಡಿ ಭಾವ."

"ತಿನ್ನೋದಾ? ನಮ್ಮನೆ ನಾಯಿಗೂ ಹಾಕಲ್ಲ."

ಇದನ್ನು ಕೇಳಿ ಕೇಳಿ ನನಗೆ ಆ ದಿವ್ಯ ಯೋಜನೆ ಹೊಳೆಯಿತು. ಬಿಳಿಮೀನನ್ನು ಟ್ರೌಟ್ ಎಂದು ಹೇಳಿ ಭಾವನಿಗೆ ಬಡಿಸುವುದು. ಅವರು ಬೆರಳು ನೆಕ್ಕಿ ಹೊಗಳಿದ ಮೇಲೆ ಸತ್ಯ ಹೇಳುವುದು. ಉಪದೇಶಪರ್ವ ಅಲ್ಲಿಗೆ ಸಮಾಪ್ತಿ.

ಫೆಬ್ರವರಿಯ ಕೊನೆಯ ಶನಿವಾರಕ್ಕೆ ಮುಹೂರ್ತವಿಟ್ಟೆ. ಹಳೇ ಸೇತುವೆಯ ಕೆಳಗಿನ ನನ್ನ ಗುಟ್ಟಿನ ಮಡುವಿನಿಂದ ಒಂದಷ್ಟು ದಪ್ಪ ಮೀನು ತಂದೆ. ಉಪ್ಪು ಬೆಲ್ಲದ ನೀರಿನಲ್ಲಿ ನೆನೆಸಿ, ಸೇಬಿನ ಕಟ್ಟಿಗೆಯ ಹೊಗೆಯಲ್ಲಿ ಬಂಗಾರದ ಬಣ್ಣಕ್ಕೆ ತಿರುಗಿಸಿದೆ. ಭಾವ ಹೇಳಿಕೇಳಿ ಮೀನಿನ ಪಂಡಿತ, ಗುರುತು ಹಿಡಿದರೆ ಕೆಲಸ ಕೆಟ್ಟಿತೆಂದು ತಲೆ, ಬಾಲ, ಚರ್ಮ, ಮುಳ್ಳು, ಒಂದನ್ನೂ ಉಳಿಸಲಿಲ್ಲ. ಆ ಕಸವನ್ನೆಲ್ಲ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಊರಾಚೆಯ ಗುಂಡಿಗೆ ನಾನೇ ಎಸೆದು ಬಂದೆ. ಅಪರಾಧ ಮಾಡುವವನು ಕೂಡ ಇಷ್ಟು ಶ್ರದ್ಧೆಯಿಂದ ಸಾಕ್ಷ್ಯ ನಾಶ ಮಾಡಿರಲಾರ.

ಅಂದು ಊಟಕ್ಕೆ ಇನ್ನೊಬ್ಬಳು ಬಂದಿದ್ದಳು. ಪಕ್ಕದ ಬಾಡಿಗೆ ಮನೆಗೆ ಹೊಸದಾಗಿ ಬಂದ ಜೋಲೀನ್ ಎಂಬ ಹುಡುಗಿ. ಒಬ್ಬಳೇ ಇರುತ್ತಾಳೆ ಪಾಪ ಎಂದು ವರ್ನಾ ಕರೆದಿದ್ದಳು. ಏನೋ ಸರ್ಕಾರಿ ಕೆಲಸ ಎಂದಷ್ಟೇ ನನಗೆ ಗೊತ್ತಿತ್ತು.

ವರ್ನಾ ಕೋಸಿನ ಪಲ್ಯ, ಆಲೂಗಡ್ಡೆ, ಬ್ರೆಡ್ಡು ತಂದಿಟ್ಟಳು. ನಾನು ಶೆಡ್ಡಿನಿಂದ ತಟ್ಟೆ ಹಿಡಿದು, ಅಡುಗೆಮನೆ ತುಳಿಯದೆ ಹಿಂಬಾಗಿಲಿನಿಂದ ಒಳಬಂದೆ. ವರ್ನಾ ಮಾತು ತಪ್ಪುವವಳಲ್ಲ, ಗೋಡೆಯ ಕಡೆ ಮುಖ ತಿರುಗಿಸಿ ಕೂತಳು.

"ಏನಿದು?" ಎಂದರು ಭಾವ.

"ಟ್ರೌಟ್" ಎಂದೆ.

ಒಂದು ತುಂಡು ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ಇನ್ನೊಂದು. ಆಮೇಲೆ ಬ್ರೆಡ್ಡಿನ ಮೇಲೆ ಮೂರು ನಾಲ್ಕು ತುಂಡು ಒಟ್ಟಿಗೆ. "ಆರ್ವಿಡ್, ಕೊನೆಗೂ ನಿನಗೆ ಬುದ್ಧಿ ಬಂತು. ಟ್ರೌಟ್ ಅಂದ್ರೆ ಇದು. ಏನು ಸಿಹಿ, ಏನು ಮೆದು. ನಾಲಿಗೆ ಮೇಲೆ ಇಟ್ಟ ತಕ್ಷಣ ಹೇಳಿಬಿಡ್ತೀನಿ ನಾನು. ಎಲ್ಲಿ ಹಿಡಿದೆ?"

ಗೆಲುವಿನ ಅಮಲಿನಲ್ಲಿ ನನ್ನ ಬಾಯಿ ಜಾರಿತು. "ಹಳೇ ಸೇತುವೆ ಕೆಳಗೆ."

ಜೋಲೀನ್ ಚಮಚ ಕೆಳಗಿಟ್ಟಳು. "ಅಂಕಲ್, ಅಲ್ಲಿ ಟ್ರೌಟ್ ಸಿಕ್ಕಿದ್ರೆ ವಾಪಸ್ ನೀರಿಗೆ ಬಿಡಬೇಕು. ಮನೆಗೆ ತರೋ ಹಾಗಿಲ್ಲ."

"ಗೊತ್ತಮ್ಮ."

"ನಾನು ಮೊದಲೇ ಹೇಳಬೇಕಿತ್ತು. ಈ ಊರಿಗೆ ಹೊಸ ಮೀನುಗಾವಲಿನ ಅಧಿಕಾರಿ ನಾನೇ."

ನಾನು ವರ್ನಾಳ ಕಡೆ ನೋಡಿದೆ. ಅವಳು ಗೋಡೆಗೆ ಹೇಳಿದಳು, "ನೀವು ಕೇಳಲೇ ಇಲ್ಲ."

ಸರಿ, ನಾಟಕ ಸಾಕೆಂದು ಎಲ್ಲ ಬಿಚ್ಚಿ ಹೇಳಿದೆ. ಇದು ಟ್ರೌಟ್ ಅಲ್ಲ, ಬಿಳಿಮೀನು. ಬಿಳಿಮೀನು ತರಲು ಅಡ್ಡಿಯಿಲ್ಲ. ಭಾವನಿಗೆ ಪಾಠ ಕಲಿಸಲು ಸುಳ್ಳು ಹೇಳಿದ್ದು. ಜೋಲೀನ್ ಮುಖ ಸಡಿಲವಾಯಿತು. ಅಲ್ಲಿಗೆ ಮುಗಿಯುತ್ತಿತ್ತು, ಭಾವ ಸುಮ್ಮನಿದ್ದಿದ್ದರೆ.

ಭಾವನ ಮುಖ ಬೀಟ್‌ರೂಟಿನ ಹಾಗೆ ಕೆಂಪಾಯಿತು. ತಾನು ಕಣ್ಣು ಮುಚ್ಚಿ ಸವಿದದ್ದು ನದಿಯ ಕಸವೆಂದು ಒಪ್ಪಿಕೊಳ್ಳುವುದಕ್ಕಿಂತ ತಂಗಿಯ ಗಂಡ ಕೋರ್ಟು ಹತ್ತುವುದೇ ಮೇಲೆಂದು ಅವರಿಗೆ ತೋರಿರಬೇಕು.

"ಸುಳ್ಳು ಹೇಳ್ತಿದಾನೆ" ಅಂದರು. "ಇದು ಟ್ರೌಟೇ. ನಲವತ್ತು ವರ್ಷದಿಂದ ಮೀನು ತಿಂತಿದೀನಿ, ನನಗೆ ಗೊತ್ತಾಗಲ್ವಾ? ನೀವು ಅಧಿಕಾರಿ ಅಂತ ತಿಳಿದ ಮೇಲೆ ಮಾತು ತಿರುಗಿಸ್ತಿದಾನೆ."

"ಭಾವ, ನನ್ನನ್ನ ಜೈಲಿಗೆ ಕಳಿಸ್ತೀರಾ?"

"ನಿಜ ನಿಜಾನೇ."

"ತಲೆ, ಚರ್ಮ ಏನಾದ್ರೂ ಇದೆಯಾ ಅಂಕಲ್?" ಎಂದಳು ಜೋಲೀನ್. ಗುಂಡಿಗೆ ಎಸೆದೆ ಎಂದೆ. ಹೇಳುವಾಗಲೇ ಅದು ಹೇಗೆ ಕೇಳಿಸುತ್ತಿದೆ ಎಂದು ನನಗೇ ಗೊತ್ತಾಯಿತು.

"ಆಂಟಿ, ನೀವು ನೋಡಿದ್ರಾ?"

"ನಾನು ಆ ಮೀನನ್ನ ಕಣ್ಣೆತ್ತಿ ನೋಡಲ್ಲಮ್ಮ. ಮನೇಲಿ ಕಾನೂನಿದೆ" ಎಂದಳು ನನ್ನ ಸಹಧರ್ಮಿಣಿ.

"ಹಾಗಾದ್ರೆ ಒಂದು ತುಂಡು ಕೊಡಿ, ಪರೀಕ್ಷೆಗೆ ಕಳಿಸ್ತೀನಿ."

ಎಲ್ಲರೂ ತಟ್ಟೆ ನೋಡಿದೆವು. ಕೊನೆಯ ತುಂಡು ಭಾವನ ಬಾಯಿಯಲ್ಲಿತ್ತು. ಅವರು ನುಂಗಿದರು.

ಜೋಲೀನ್ ಒಳ್ಳೆಯ ಹುಡುಗಿ. ಬೆಳಿಗ್ಗೆ ಆ ಜಾಗಕ್ಕೆ ಹೋಗೋಣ, ಅಲ್ಲಿ ಬಿಳಿಮೀನು ಸಿಗುತ್ತದೆಂದು ತೋರಿಸಿ, ನಾನು ನಂಬುತ್ತೇನೆ ಎಂದಳು. ಹೀಗೆ ಯಾರಿಗೂ ಹೇಳದೆ ವರ್ಷಗಟ್ಟಲೆ ಕಾಪಾಡಿಕೊಂಡಿದ್ದ ಮಡುವಿಗೆ ಭಾನುವಾರ ಬೆಳಿಗ್ಗೆ ನನ್ನದೊಂದು ಮೆರವಣಿಗೆ ಹೊರಟಿತು. ಮುಂದೆ ಆರೋಪಿ, ಹಿಂದೆ ಸರ್ಕಾರ, ಅದರ ಹಿಂದೆ ಸುತ್ತಮುತ್ತ ಎಲ್ಲ ಗುರುತಿಟ್ಟುಕೊಳ್ಳುತ್ತಾ ಭಾವ. ವರ್ನಾ ಕಾಫಿ ಫ್ಲಾಸ್ಕು ಹಿಡಿದು ಕಾರಿನಲ್ಲೇ ಕೂತಳು.

ಹುಳು ಚುಚ್ಚಿ ಗಾಳ ಬಿಟ್ಟೆ. ಆ ಮಡುವಿನಲ್ಲಿ ಬಿಳಿಮೀನು ಬಿಟ್ಟು ಬೇರೇನೂ ಸಿಕ್ಕಿದ್ದು ನನಗೆ ನೆನಪಿಲ್ಲ. ದಾರ ಜಗ್ಗಿತು. ಎಳೆದೆ. ಬರಲಿಲ್ಲ. ಬಿಳಿಮೀನು ಇಷ್ಟು ಹಟ ಮಾಡುವುದಿಲ್ಲವಲ್ಲ ಎಂದುಕೊಳ್ಳುವಷ್ಟರಲ್ಲಿ ಅದು ನೀರಿನಿಂದ ಮೇಲಕ್ಕೆ ಹಾರಿತು. ಬದಿಯಲ್ಲಿ ಗುಲಾಬಿ ಪಟ್ಟಿ, ಬೆನ್ನ ತುಂಬ ಚುಕ್ಕಿ. ನನ್ನ ಜನ್ಮದಲ್ಲಿ ಅಂಥ ಟ್ರೌಟ್ ನನ್ನ ಗಾಳಕ್ಕೆ ಬಿದ್ದಿರಲಿಲ್ಲ. ಎಷ್ಟು ಬೇಡಿಕೊಂಡಿದ್ದೆ ಹಿಂದೆ, ಆಗೆಲ್ಲ ಬರಲಿಲ್ಲ.

"ನೋಡಿದ್ರಾ ಮೇಡಂ" ಎಂದರು ಭಾವ, ಮೆಲ್ಲಗೆ.

ಅದನ್ನು ಬಿಡಿಸಿ ನೀರಿಗೆ ಬಿಟ್ಟೆ. ಮತ್ತೆ ಗಾಳ ಹಾಕಿದೆ. ಏನೂ ಇಲ್ಲ. ಮತ್ತೆ. ಇಲ್ಲ. ಕಾಲು ಮರಗಟ್ಟಿತು. ಜೋಲೀನ್ ಕೈಗವಸು ಉಜ್ಜಿಕೊಳ್ಳುತ್ತಾ ಆಕಾಶ ನೋಡತೊಡಗಿದಳು. ಕಾರಿನ ಬಾಗಿಲು ದಢಾರೆಂದಿತು, ವರ್ನಾ ಹಿಮ ತುಳಿಯುತ್ತಾ ಬಂದಳು.

"ಕೊಡಿ ಇಲ್ಲಿ. ನೀವು ಹೀಗೇ ನಿಂತ್ರೆ ನನ್ನ ಚರ್ಚೂ ತಪ್ಪುತ್ತೆ, ನಿಮಗೆ ಶೀತವೂ ಆಗುತ್ತೆ."

"ನಿನಗೆ ಬರುತ್ತಾ?"

"ನಮ್ಮಪ್ಪ ಇಬ್ಬರು ಮಕ್ಕಳಿಗೂ ಕಲಿಸಿದ. ಇವನು ಅದನ್ನೇ ಉದ್ಯೋಗ ಮಾಡಿಕೊಂಡ, ನಾನು ನಿಮ್ಮನ್ನ ಕಟ್ಟಿಕೊಂಡೆ."

ಡಬ್ಬಕ್ಕೆ ಕೈಹಾಕಿ ಬರಿಬೆರಳಲ್ಲಿ ಹುಳು ತೆಗೆದು ಚುಚ್ಚಿದಳು. (ಹೌದು, ಅದೇ ವರ್ನಾ.) ಬಂಡೆಯ ಮಗ್ಗುಲಿಗೆ, ತಳ ಸವರುವ ಹಾಗೆ ಗಾಳ ಬಿಟ್ಟಳು. ನೀರಿನಿಂದ ಬೆಳ್ಳಗೆ, ಸೀಟಿ ಹೊಡೆಯುವ ಬಾಯಿಯ ಬಿಳಿಮೀನು ಹೊರಬಂತು. ಅದರ ಹಿಂದೆ ಇನ್ನೊಂದು. ಮತ್ತೊಂದು. ರೇಷನ್ ಅಂಗಡಿಯ ಕ್ಯೂ ಹಾಗೆ ಬಂದವು.

"ಸರಿ ಅಂಕಲ್, ನಂಬಿದೆ" ಎಂದು ಜೋಲೀನ್ ನಕ್ಕಳು. "ಟ್ರೌಟ್ ವಿಷಯ ಇಲ್ಲಿಗೆ ಬಿಟ್ಟೆ. ಇಬ್ಬರೂ ಒಂದ್ಸಲ ಲೈಸೆನ್ಸ್ ತೋರಿಸಿಬಿಡಿ. ನಾನು ಮೊದಲೇ ಕೇಳಬೇಕಿತ್ತು."

ಅಯ್ಯೋ, ವರ್ನಾ ಹತ್ತಿರ ಎಲ್ಲಿಂದ ಬರಬೇಕು ಎಂದುಕೊಂಡೆ. ಅವಳು ಬ್ಯಾಗು ತೆಗೆದು ಲೈಸೆನ್ಸ್ ಚಾಚಿದಳು. "ಮೊನ್ನೆಯೇ ಹೊಸ ವರ್ಷದ್ದು ತಗೊಂಡೆ. ವಸಂತದಲ್ಲಿ ಜೋಲೀನ್ ಜೊತೆ ಹೋಗೋಣ ಅಂತ."

ನಾನು ಹೆಮ್ಮೆಯಿಂದ ನನ್ನದು ಕೊಟ್ಟೆ. ಜೋಲೀನ್ ಅದನ್ನು ತಿರುಗಿಸಿ ನೋಡಿದಳು.

"ಅಂಕಲ್, ಇದು ನಿನ್ನೆಗೆ ಮುಗೀತು. ಇವತ್ತು ಮಾರ್ಚ್ ಒಂದು."

ನಮ್ಮಲ್ಲಿ ಮೀನಿನ ಲೈಸೆನ್ಸಿಗೆ ಹೊಸ ವರ್ಷ ಹುಟ್ಟುವುದು ಮಾರ್ಚಿನಲ್ಲಿ. ಅದು ನನಗೆ ಚೆನ್ನಾಗಿ ಗೊತ್ತು. ಊರಿಗೆಲ್ಲ ನೆನಪಿಸುವವನೇ ನಾನು.

ದಂಡ ಹಾಕಲಿಲ್ಲ, ಎಚ್ಚರಿಕೆಯ ಚೀಟಿ ಬರೆದಳು. ಹೆಸರು, ಊರು, ಸ್ಥಳ. ಕೊನೆಗೆ ಹಿಡಿದ ಮೀನು ಯಾವುದು ಎಂದು ಒಂದು ಜಾಗವಿತ್ತು. ಪೆನ್ನು ಅಲ್ಲಿ ನಿಂತಿತು. ನನ್ನ ಮುಖ ನೋಡಿದಳು. "ಏನ್ಮಾಡ್ಲಿ ಅಂಕಲ್, ನೀವು ಹಿಡಿದಿದ್ದು ಅದೊಂದೇ, ಕಂಡಿದ್ದನ್ನೇ ಬರೀಬೇಕು" ಎಂದು, ಟ್ರೌಟ್ ಎಂದು ಬರೆದಳು.

ಭಾವ ಚೀಟಿ ಇಸಿದುಕೊಂಡು ಓದಿದರು. ಮಡಿಸಿ ನನ್ನ ಜೇಬಿಗೆ ತಾವೇ ಇಟ್ಟರು. "ಈಗ ಸರ್ಕಾರವೇ ಹೇಳ್ತಿದೆ, ಆರ್ವಿಡ್."

ಅಂದು ಸಂಜೆ ವರ್ನಾ ಹಿಡಿದ ಮೀನನ್ನೆಲ್ಲ ನಾನು ಶೆಡ್ಡಿನಲ್ಲಿ ಕೂತು ಕೊಯ್ದೆ, ತೊಳೆದೆ, ಹೊಗೆ ಹಾಕಿದೆ. ಈ ಸಲ ತಲೆ ಬಾಲ ಎಲ್ಲ ಇಟ್ಟುಕೊಂಡೇ ತಟ್ಟೆಯಲ್ಲಿ ಜೋಡಿಸಿ ತಂದೆ. ಶನಿವಾರವಲ್ಲದಿದ್ದರೂ ಭಾವ ಬಂದಿದ್ದರು. ಜೋಲೀನ್ ಕೂಡ ಇದ್ದಳು. ವರ್ನಾ ಗೋಡೆಯ ಕಡೆ ತಿರುಗಲಿಲ್ಲ, ಎಲ್ಲರಿಗಿಂತ ಮೊದಲು ತಾನೇ ಬಡಿಸಿಕೊಂಡಳು.

ಭಾವ ಮೀನಿನ ತಲೆಯನ್ನು ಬೆರಳ ತುದಿಯಿಂದ ಕರವಸ್ತ್ರದ ಕೆಳಗೆ ಸರಿಸಿದರು. ಒಂದು ತಟ್ಟೆ ಖಾಲಿ ಮಾಡಿ, ಅಧಿಕಾರಿಯ ಎದುರಿಗೇ ನನ್ನ ಕಡೆ ಚಾಚಿದರು.

"ಇನ್ನೆರಡು ತುಂಡು ಟ್ರೌಟ್ ಹಾಕಯ್ಯಾ."

ಜೋಲೀನ್ ಆಲೂಗಡ್ಡೆ ನೋಡಿದಳು. ವರ್ನಾ ನನ್ನನ್ನು ನೋಡಿದಳು. ನಾನು ಟ್ರೌಟ್ ಬಡಿಸಿದೆ.